ಇನ್ನೂರೈವತ್ತೊಂದನೆಯವರು

ಎಲ್ಲಕ್ಕೂ ಮೂಲ ಅಧ್ಯಕ್ಷರ ಷಡ್ಡಕ. ಷಡ್ಡಕ ಇರುವುದು ಯಾರ ತಪ್ಪೂ ಅಲ್ಲ, ಹೆಂಡತಿಗೆ ತಂಗಿ ಇದ್ದ ಮೇಲೆ ಅದು ತಾನಾಗಿ ಒದಗಿಬರುವ ನಂಟು. ಆದರೆ ಈ ಷಡ್ಡಕರು ಸಂಘದ ವಾರ್ಷಿಕ ಸಭೆಯ ದಿನ ಬೆಳಿಗ್ಗೆಯೇ, "ನಿಮ್ಮ ಸುದ್ದಿಪತ್ರ ಎಲ್ಲರಿಗೂ ಇಮೇಲಲ್ಲಿ ಬರುತ್ತಂತೆ, ನನಗೆ ಮಾತ್ರ ಯಾಕೆ ಬರಲ್ಲ?" ಎಂದು ಕೇಳಿಬಿಟ್ಟರು.

ಅಧ್ಯಕ್ಷರು ತಕ್ಷಣ ಕಾರ್ಯದರ್ಶಿಗಳಿಗೆ ಫೋನ್ ಹಚ್ಚಿದರು.

"ಸೆಕ್ರೆಟ್ರೀ, ನಮ್ಮ ಷಡ್ಡಕರ ಹೆಸರು ಇವತ್ತೇ ಸೇರಿಸಿಬಿಡಿ. ಸಂಜೆ ಸಭೆಗೆ ಅವರೇ ಅತಿಥಿ. ಅತಿಥಿಗೇ ಸುದ್ದಿಪತ್ರ ಬರಲ್ಲ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಸಾರ್, ಪಟ್ಟಿ ತುಂಬಿದೆ."

"ಇಮೇಲ್ ಏನು ಬಸ್ಸೇನ್ರೀ, ತುಂಬೋಕೆ?"

"ಬಸ್ಸೇ ಸಾರ್. ಇನ್ನೂರೈವತ್ತು ಸೀಟು. ನಿಂತ್ಕೊಂಡು ಹೋಗೋಕೂ ಬಿಡಲ್ಲ."

"ಅದೆಲ್ಲ ನಂಗೆ ಗೊತ್ತಿಲ್ಲ. ಒಬ್ಬರನ್ನ ಇಳಿಸಿ, ಇವರನ್ನ ಹತ್ತಿಸಿ" ಎಂದು ಅಧ್ಯಕ್ಷರು ಫೋನ್ ಇಟ್ಟರು.

ಅದು ರಿಪೇರಿ ಸಂಘ. ಪ್ರತಿ ಭಾನುವಾರ ಗ್ರಂಥಾಲಯದ ಹಿಂದಿನ ದೊಡ್ಡ ಕೋಣೆಯಲ್ಲಿ ಮೇಜು ಜೋಡಿಸಿಕೊಂಡು ಕೂತು, ಜನ ತಂದ ಮುರುಕು ಕೊಡೆ, ತಿರುಗದ ಫ್ಯಾನು, ಕಾಲು ಕಳಚಿದ ಕುರ್ಚಿಗಳನ್ನೆಲ್ಲ ಪುಕ್ಕಟೆ ಸರಿಮಾಡಿಕೊಡುವ ಸಂಘ. ಕಾರ್ಯದರ್ಶಿಗಳದು ಕನ್ನಡಕದ ಅಂಗಡಿ. ಸಂಘ ಶುರುವಾದ ದಿನ ಅವರೂ ಉತ್ಸಾಹದಿಂದ ಒಂದು ಇಸ್ತ್ರಿಪೆಟ್ಟಿಗೆ ಬಿಚ್ಚಿದ್ದರು. ಮತ್ತೆ ಜೋಡಿಸಿದಾಗ ಒಂದು ಮುಷ್ಟಿ ಸ್ಕ್ರೂ ಉಳಿದವು, ಪ್ಲಗ್ಗಿಗೆ ಹಾಕಿದಾಗ ಇಡೀ ಗ್ರಂಥಾಲಯದ ದೀಪ ಹೋಯಿತು. "ನೀವು ಬರೆಯೋ ಕೆಲಸ ನೋಡ್ಕೊಳ್ಳಿ" ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಕಾರ್ಯದರ್ಶಿ ಪದವಿ ಅವರಿಗೆ ಬಂದದ್ದು ಹೀಗೆ, ಕತ್ತಲಲ್ಲಿ.

ಆದರೆ ಆ ಕೆಲಸವನ್ನು ಅವರು ಮಾಡಿದ ರೀತಿಗೆ ಯಾರಾದರೂ ತಲೆಬಾಗಲೇಬೇಕು. ಯಾರ ಕೊಡೆಗೆ ಯಾರು ಕಡ್ಡಿ ಹಾಕಿದರು, ಯಾರ ಮಿಕ್ಸಿಯೊಳಗೆ ಏನು ಸಿಕ್ಕಿತು ಎಂದು ನಾಲ್ಕು ವರ್ಷ, ಒಂದು ತಿಂಗಳೂ ತಪ್ಪಿಸದೆ, ಅಂಗಡಿ ಮುಚ್ಚಿದ ಮೇಲೆ ಕೂತು ಬರೆದಿದ್ದರು. ಕಳಿಸಲು ಹಿಡಿದದ್ದು ಒಂದು ಕಂಪನಿಯ ಫ್ರೀ ಪ್ಲಾನು. ದಿನವಿಡೀ ಜನರಿಗೆ ಗೋಡೆಯ ಮೇಲಿನ ಸಣ್ಣ ಅಕ್ಷರ ಓದಿಸುವ ಮನುಷ್ಯ, ಆ ಪ್ಲಾನಿನ ಬುಡದಲ್ಲಿದ್ದ ಸಣ್ಣ ಅಕ್ಷರ ಮಾತ್ರ ಓದಿರಲಿಲ್ಲ. ಪಟ್ಟಿಗೆ ಇನ್ನೂರೈವತ್ತೇ ವಿಳಾಸ, ತಿಂಗಳಿಗೆ ಎರಡೇ ಪತ್ರ. ಪ್ರತಿ ಪತ್ರದ ಕೊನೆಗೆ ಕಂಪನಿಯ ಗುರುತಾದ ಒಂದು ಆಮೆ ಬಂದು ಕಣ್ಣು ಮಿಟುಕಿಸುತ್ತಿತ್ತು. ಸಂಘದ ಹಿರಿಯರಾದ ಗಡಿಯಾರದವರ ಹೆಂಡತಿ ತೀರಿಕೊಂಡ ಸುದ್ದಿಯ ಕೆಳಗೂ ಅದು ಕಣ್ಣು ಮಿಟುಕಿಸಿದಾಗ ಕಾರ್ಯದರ್ಶಿಗಳಿಗೆ ಎರಡು ದಿನ ಊಟ ಸೇರಿರಲಿಲ್ಲ.

ದುಡ್ಡು ಕೊಟ್ಟರೆ ಆಮೆಯೂ ತೊಲಗುತ್ತಿತ್ತು, ಮಿತಿಯೂ ತೊಲಗುತ್ತಿತ್ತು. ಆದರೆ ಆ ಮಾತೆತ್ತಿದಾಗಲೆಲ್ಲ ಅಧ್ಯಕ್ಷರು, "ಇರೋದನ್ನೇ ಸರಿಮಾಡ್ಕೊಂಡು ಬಳಸಿ ಅಂತ ಊರಿಗೆಲ್ಲ ಹೇಳೋ ಸಂಘ, ತಾನೇ ದುಡ್ಡು ಕೊಟ್ಟು ಹೊಸದು ತಗೊಂಡ್ರೆ ನಗೋದಿಲ್ವೇನ್ರೀ ಜನ?" ಎನ್ನುತ್ತಿದ್ದರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಬಾರದು ಎಂದು ಕಾರ್ಯದರ್ಶಿಗಳೂ ಸುಮ್ಮನಾಗಿದ್ದರು.

ಇನ್ನೊಂದು ದಿನ ಕಳೆದಿದ್ದರೆ ಈ ತಲೆನೋವೇ ಅವರದಾಗಿರುತ್ತಿರಲಿಲ್ಲ. ಸಂಜೆ ಏಳಕ್ಕೆ ಸಭೆ. ಸಭೆಯಲ್ಲಿ ಎದ್ದುನಿಂತು ರಾಜೀನಾಮೆ ಹೇಳುವುದೆಂದು ನಿಶ್ಚಯವಾಗಿತ್ತು. ಅವರ ಜಾಗಕ್ಕೆ ಬರಲು ದರ್ಜಿ ಅಂಗಡಿಯ ಹೊಲಿಗೆಯಕ್ಕ ಒಪ್ಪಿದ್ದೂ ಆಗಿತ್ತು. ಮುಂದಿನ ಭಾನುವಾರದಿಂದ ಗಂಡ ಹೆಂಡತಿ ಇಬ್ಬರೂ ಈಜು ಕಲಿಯುವ ತರಗತಿಗೆ ಹೆಸರು ಕೊಟ್ಟಿದ್ದರು. ಹೆಂಡತಿಗೆ ಅದು ಚಿಕ್ಕಂದಿನ ಆಸೆ. ನಾಲ್ಕು ವರ್ಷದ ಭಾನುವಾರಗಳನ್ನು ಸಂಘಕ್ಕೆ ಬಿಟ್ಟುಕೊಟ್ಟಿದ್ದ ಆಕೆ, "ಈ ಸಲವೂ ನೀವು ಬಿಡದಿದ್ರೆ ಇನ್ನು ನಾನು ಕೇಳೋದೇ ಇಲ್ಲ" ಎಂದಿದ್ದರು. ಕೇಳುವುದನ್ನು ಬಿಟ್ಟ ಹೆಂಡತಿ ಎಂದರೆ ಏನೆಂದು ಸಂಸಾರಿಗಳಿಗೆಲ್ಲ ಗೊತ್ತು.

ಯಾರನ್ನು ಇಳಿಸುವುದೆಂದು ಕಾರ್ಯದರ್ಶಿಗಳು ಮೊದಲು ಮನೆಯಿಂದಲೇ ಶುರುಮಾಡಿದರು.

"ನಿನ್ನ ಹೆಸರು ತೆಗೀಲೇನೇ? ಪತ್ರ ಬರೆಯೋನು ಹೇಗೂ ಮನೇಲೇ ಇದ್ದೀನಲ್ಲ."

"ಮನೇಲಿ ಎಲ್ಲಿದ್ದೀರಿ? ನೀವು ಏನು ಮಾಡ್ತಿದ್ದೀರಿ, ಎಲ್ಲಿದ್ದೀರಿ ಅಂತ ನಂಗೆ ಗೊತ್ತಾಗೋದೇ ಆ ಪತ್ರದಿಂದ" ಎಂದು ಹೆಂಡತಿ ಕೈಚೀಲ ಎತ್ತಿಕೊಂಡರು. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಾನು ಕೆಲಸ ಮುಗಿಸಿ ನೇರ ಸಭೆಗೇ ಬರ್ತೀನಿ."

ಯಾರು ಪತ್ರ ತೆರೆಯುತ್ತಾರೆ, ಯಾರು ತೆರೆಯುವುದಿಲ್ಲ ಎಂದು ಕಂಪನಿ ತೋರಿಸುತ್ತಿತ್ತು. ತೆರೆಯುವವರು ಮೂವತ್ತು ಚಿಲ್ಲರೆ ಮಂದಿ. ಉಳಿದವರಿಗೆ ಬರೆಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವರಲ್ಲೊಬ್ಬರನ್ನು ಸದ್ದಿಲ್ಲದೆ ತೆಗೆದುಹಾಕಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇಸ್ತ್ರಿಪೆಟ್ಟಿಗೆ ಜೋಡಿಸಲು ಬಾರದ ಹಾಗೆ ಕಾರ್ಯದರ್ಶಿಗಳಿಗೆ ಅದೂ ಬಾರದು. ಕೇಳಿಯೇ ತೆಗೆಯಬೇಕು ಎಂದು ಅಂಗಡಿಗೆ ಬೀಗ ಹಾಕಿ ಹೊರಟರು.

ರೇಡಿಯೋ ತಾತನದು ಮೂರು ವಿಳಾಸ ಇದ್ದವು. ತಾತ ಹಳೆಯ ರೇಡಿಯೋಗಳನ್ನು ಮಾತಾಡಿಸುವುದರಲ್ಲಿ ನಿಸ್ಸೀಮರು, ತಮ್ಮದೇ ಪ್ರಸಾರದಲ್ಲಂತೂ ಇನ್ನೂ ನಿಸ್ಸೀಮರು.

"ತಾತ, ನೀವು ಯಾವುದ್ರಲ್ಲಿ ಓದ್ತೀರೋ ಅದನ್ನ ಬಿಟ್ಟು ಇನ್ನೊಂದು ತೆಗೀಲಾ?"

ತಾತ ಕೆನ್ನೆ ಕೆರೆದುಕೊಂಡರು. "ಮೊದಲನೇದರ ಪಾಸ್‌ವರ್ಡ್ ಮರೆತಿದೆ. ಎರಡನೇದು, ಮೊದಲನೇದರ ಪಾಸ್‌ವರ್ಡ್ ವಾಪಸ್ ತರಿಸೋಕೆ ಅಂತ ಮಾಡಿದ್ದು, ಈಗ ಅದೂ ಮರೆತಿದೆ. ಮೂರನೇದು ಸುಮ್ನೆ, ಕೈಯಲ್ಲಿ ಒಂದಿರಲಿ ಅಂತ."

"ಅಂದ್ರೆ ಒಂದರಲ್ಲೂ ಓದಲ್ಲ."

"ಓದೋದು ಬೇರೆ, ಬರೋದು ಬೇರೆ ಕಣಪ್ಪಾ. ಮೂರು ಕಡೆ ಬರ್ತಿದ್ದದ್ದು ಎರಡೇ ಕಡೆ ಬಂದ್ರೆ, ಈ ಮುದುಕ ಏನು ತಪ್ಪು ಮಾಡ್ದ ಅಂತ ನಾಲ್ಕು ಜನ ಕೇಳಲ್ವೇ?"

ಕಾರ್ಯದರ್ಶಿಗಳು ಬೀದಿ ದಾಟುವಷ್ಟರಲ್ಲಿ ತಾತ ಫೋನ್ ಹಿಡಿದಿದ್ದರು. ಪತ್ರ ಓದದವರ ಹೆಸರನ್ನು ಸೆಕ್ರೆಟ್ರಿ ಹೊಡೆದುಹಾಕುತ್ತಿದ್ದಾರೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬೇಕರಿ ತಲುಪಿತು. ಅವರು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಬೇಕರಿಯವರು ಕೈಯ ಹಿಟ್ಟು ಒರೆಸಿಕೊಂಡು, "ನಿಮ್ಮ ಪತ್ರ ದಿನಾ ಓದ್ತೀನಿ" ಎಂದರು.

"ಅದು ತಿಂಗಳಿಗೊಂದೇ ಬರೋದು."

"ಅದನ್ನೇ ದಿನಾ ಓದ್ತೀನಿ."

ಹೋದಲ್ಲೆಲ್ಲ ಇದೇ ಕತೆ. ಕೊಳಾಯಿಯವರು ಓದಿದಂತೆ, ಕಣ್ಣೀರೂ ಬಂದಿತ್ತಂತೆ. ಯಾವ ಪತ್ರ ಎಂದರೆ, ಎಲ್ಲವೂ ಎಂದರು. ಔಷಧಿ ಅಂಗಡಿಯಾಕೆ ಎದುರಿಗೇ ಫೋನ್ ತೆಗೆದು ಜೋರಾಗಿ ಓದತೊಡಗಿದರು, ಅದು ಯಾರದೋ ಸಾಲದ ಜಾಹೀರಾತು.

ಕೊನೆಗೆ ಉಳಿದದ್ದು ಗಡಿಯಾರದವರ ಮನೆ. ಇದನ್ನು ಕಾರ್ಯದರ್ಶಿಗಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ತೀರಿಕೊಂಡ ಹೆಂಡತಿಯ ವಿಳಾಸ ಇನ್ನೂ ಪಟ್ಟಿಯಲ್ಲಿತ್ತು. ವಿಚಿತ್ರವೆಂದರೆ ಅದಕ್ಕೆ ಹೋದ ಪತ್ರ ಪ್ರತಿ ತಿಂಗಳೂ, ಹೋದ ಕ್ಷಣವೇ ತೆರೆದುಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಅಷ್ಟು ನಿಯತ್ತಿನ ಓದುಗರು ಇನ್ನೊಬ್ಬರಿರಲಿಲ್ಲ.

ಗಡಿಯಾರದವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಕೂರಲು ಹೇಳಿದರು. ಕಾರ್ಯದರ್ಶಿಗಳು ವಿಷಯಕ್ಕೆ ಬರಲಾರದೆ ಗೋಡೆಯ ಮೇಲಿನ ಗಡಿಯಾರಗಳನ್ನೆಲ್ಲ ಒಂದೊಂದಾಗಿ ಹೊಗಳಿದರು. ಮುದುಕರೇ ಮಾತೆತ್ತಿದರು.

"ತಾತ ಫೋನ್ ಮಾಡಿದ್ರು. ಅವಳ ಹೆಸರು ತೆಗೀಬೇಕು ಅಂತ ಬಂದಿದ್ದೀರಿ, ಅಲ್ವಾ? ತೆಗೀರಿ. ನ್ಯಾಯವಾದ ಮಾತೇ." ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಹೇಳಿದರು. "ಅವಳ ಹೆಸರು ಹಿಡಿದು ನಮಸ್ಕಾರ ಅಂತ ಶುರುವಾಗೋದು ಈಗ ಅದೊಂದೇ. ಬಂದ ತಕ್ಷಣ ತೆಗೆದು ಗಟ್ಟಿಯಾಗಿ ಓದ್ತೀನಿ, ಅಷ್ಟೇ. ಕೆಳಗಡೆ ಆ ಆಮೆ ಬರುತ್ತಲ್ಲ, ಅವಳಿಗೆ ಅದನ್ನ ಕಂಡ್ರೆ ನಗು ಬರ್ತಿತ್ತು."

ಕಾರ್ಯದರ್ಶಿಗಳು, "ಛೇ, ಅದಕ್ಕಲ್ಲ ಬಂದಿದ್ದು. ನಿಮ್ಮ ಕಣ್ಣು ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಹೇಳೋಕೆ ಬಂದೆ" ಎಂದು ಹೇಳಿ ಎದ್ದುಬಂದರು.

ಅಂಗಡಿಗೆ ಮರಳಿ ಕಂಪ್ಯೂಟರಿನ ಮುಂದೆ ಕೂತರು. ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಪತ್ರದಲ್ಲಿ ಏನಿರುತ್ತದೆ ಎಂದು ಓದದೆಯೇ ತಿಳಿದಿರುವವರು ಇನ್ನೂರೈವತ್ತು ಮಂದಿಯಲ್ಲಿ ಒಬ್ಬರೇ ಒಬ್ಬರು. ಅವರ ಹೆಸರಿನ ಮುಂದೆ ಗುರುತು ಹಾಕಿ ಒತ್ತಿದರು. ಕಾರ್ಯದರ್ಶಿಗಳು ಪಟ್ಟಿಯಿಂದ ಇಳಿದರು, ಷಡ್ಡಕರು ಹತ್ತಿದರು. ಸುಲಭದ ಕೆಲಸ. ಬೆಳಿಗ್ಗೆಯೇ ಹೊಳೆಯಬಾರದಿತ್ತೇ ಎಂದು ತಮ್ಮನ್ನು ತಾವೇ ಬೈದುಕೊಂಡರು.

ಮಧ್ಯಾಹ್ನ ಹೊಲಿಗೆಯಕ್ಕ ಬಂದರು. ಕೊರಳಿಗೆ ಅಳತೆಯ ಟೇಪು ಹಾಗೇ ಇತ್ತು. ಕಾರ್ಯದರ್ಶಿಗಳು ಪಾಸ್‌ವರ್ಡ್ ಹೇಳಿಕೊಟ್ಟು, ಕಳಿಸುವ ಬಗೆ ತೋರಿಸಿದರು.

"ತಿಂಗಳಿಗೆ ಎರಡೇ ಅಕ್ಕಾ. ಸಭೆ ತಿಳಿಸೋಕೆ ಒಂದು ಹೋಗಿದೆ. ಇನ್ನೊಂದಿದೆ. ಅದನ್ನ ಮಾತ್ರ ಆಪತ್ತಿಗೆ ಅಂತ ಕಾಪಾಡ್ಕೋಬೇಕು."

"ಅಷ್ಟೇನಾ? ಗುಂಡಿ ಹೊಲಿಯೋಕಿಂತ ಸುಲಭ" ಎಂದು ಅಕ್ಕ ಹೊರಟರು. ಕಾರ್ಯದರ್ಶಿಗಳಿಗೆ ಅದುವರೆಗೆ ಹೆಗಲ ಮೇಲೇನಿತ್ತೆಂದು ಆಗಲೇ ತಿಳಿದದ್ದು, ಅದು ಇಳಿದ ಮೇಲೆ. ಉಳಿದ ಹೊತ್ತೆಲ್ಲ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾ, ನಡುನಡುವೆ ಯಾರೂ ನೋಡದಾಗ ಕೈಗಳನ್ನು ಈಜುವವರಂತೆ ಆಡಿಸಿ ನೋಡಿಕೊಂಡರು.

ಏಳಕ್ಕೆ ಸರಿಯಾಗಿ ಗ್ರಂಥಾಲಯ ತಲುಪಿದರೆ, ಒಳಗೆ ಸಾಲುಗಳನ್ನು ಬಿಚ್ಚಿ ಕುರ್ಚಿ ಮಡಚುತ್ತಿದ್ದರು. ಎಂದೂ ಇಪ್ಪತ್ತು ಮಂದಿ ಸೇರದ ಸಭೆಗೆ ಊರಿಗೆ ಊರೇ ಬಂದಂತಿತ್ತು. ಅವರನ್ನು ಕಂಡದ್ದೇ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು.

"ಏನಿದು? ಸಭೆ ಏಳಕ್ಕಲ್ವಾ?"

"ಐದೂವರೆಗೆ ಆಯ್ತು" ಎಂದರು ಹೊಲಿಗೆಯಕ್ಕ. "ಗ್ರಂಥಾಲಯದವರು ಏಳಕ್ಕೆ ಬೀಗ ಹಾಕ್ಬೇಕಂತೆ. ಅಧ್ಯಕ್ಷರು, ಇನ್ಮೇಲೆ ನೀವೇ ಸೆಕ್ರೆಟ್ರಿ, ನೀವೇ ತಿಳಿಸಿ ಅಂದ್ರು. ಆಪತ್ತಿಗೆ ಅಂತ ಇಟ್ಟಿದ್ರಲ್ಲ, ಅದನ್ನ ಕಳಿಸ್ದೆ. ಹೆಸರು ಹೊಡೀತಾರೆ ಅಂತ ಹೆದರಿ, ಬಂದ ಗಳಿಗೆಗೇ ಎಲ್ಲರೂ ತೆಗೆದು ಓದಿದ್ದಾರೆ. ನೀವೊಬ್ಬರೇ ಬರಲಿಲ್ಲ. ಯಾಕೆ ಅಂತ ಪಟ್ಟಿ ನೋಡಿದ್ರೆ, ನಿಮ್ಮ ಹೆಸರೇ ಇಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಷಡ್ಡಕರಿಗೆ ಜಾಗ ಮಾಡೋಕೆ ನಿಮ್ಮ ಹೆಸರೇ ತೆಗೆದ್ರಲ್ರೀ. ಆಮೇಲೆ ಗಡಿಯಾರದವರು ಎದ್ದು ಎರಡು ಮಾತಾಡಿದ್ರು. ಕೇಳಿದವರ ಕಣ್ಣಲ್ಲೆಲ್ಲ ನೀರು. ಇಂಥ ಸೆಕ್ರೆಟ್ರಿ ಇರೋವಾಗ ಬೇರೆಯವರು ಯಾಕೆ ಅಂತ ತಾತ ಕೇಳಿದ್ರು. ಇನ್ನೂ ಐದು ವರ್ಷ ನೀವೇ ಅಂತ ಸರ್ವಾನುಮತದಿಂದ ಆಯ್ತು."

"ಒಂದು ಫೋನ್ ಮಾಡಬಾರದಿತ್ತಾ ಸಾರ್?"

"ಮಾಡೋಣ ಅಂದ್ವಿ. ಆದ್ರೆ ನಿಮ್ಮ ಗುಣ ಗೊತ್ತಲ್ಲ, ಬಂದ್ರೆ ಬೇಡ ಅಂತೀರಿ. ಅದಕ್ಕೇ ಬರೋದ್ರೊಳಗೆ ಮುಗಿಸಿಬಿಟ್ವಿ."

ಕಾರ್ಯದರ್ಶಿಗಳು ಹೊಲಿಗೆಯಕ್ಕನ ಕಡೆ ತಿರುಗಿದರು. "ಅಕ್ಕಾ, ನೀವು ಒಪ್ಪಿದ್ರಲ್ಲ?"

"ಒಪ್ಪಿದ್ದೆ. ಒಂದು ಮಧ್ಯಾಹ್ನಕ್ಕೇ ಸಾಕಾಯ್ತು. ಪತ್ರ ಕಳಿಸಿದ ಮೇಲೆ ಬರೀ ಫೋನು. ನಾನು ಓದ್ದೆ, ನನ್ನ ಹೆಸರಿದೆಯಾ, ಅಂತ. ಒಂದು ರವಿಕೆಗೂ ಕತ್ತರಿ ಹಾಕೋಕಾಗ್ಲಿಲ್ಲ. ನೀವು ನಾಲ್ಕು ವರ್ಷ ಹೇಗೆ ಮಾಡಿದ್ರೋ, ನಿಮಗೆ ದೊಡ್ಡ ನಮಸ್ಕಾರ." ಅಕ್ಕ ಪಕ್ಕದಲ್ಲಿದ್ದ ಕುರ್ಚಿಯನ್ನು ಮುಂದಕ್ಕೆ ತಳ್ಳಿದರು. ಮುರಿದಿದ್ದ ಕುರ್ಚಿಗೆ ಹೊಸ ಕಾಲು, ಹೊಸ ಮೆತ್ತೆ, ಹೊಳೆಯುವ ಬಣ್ಣ. "ಭಾನುವಾರ ಮನೇಲಿ ಆರಾಮಾಗಿ ಕೂತ್ಕೊಳ್ಳಿ ಅಂತ ನಾವೆಲ್ಲ ಸೇರಿ ರಿಪೇರಿ ಮಾಡಿದ್ದು. ಈಗ ಇಲ್ಲೇ ಇರಲಿ ಬಿಡಿ."

ಕುರ್ಚಿ ಬಿಡದವರನ್ನು ಲೋಕ ಬೇಕಾದಷ್ಟು ನೋಡಿದೆ. ಕುರ್ಚಿಯೇ ಬಿಡದವರನ್ನು ಅಂದು ನೋಡಿತು.

ಹೆಂಡತಿ ಹಿಂದಿನ ಸಾಲಿನಿಂದ ಮೆಲ್ಲಗೆ ಬಂದರು. ಕಾರ್ಯದರ್ಶಿಗಳು ದನಿ ತಗ್ಗಿಸಿ, "ನೀನಾದ್ರೂ ಹೇಳಬಾರದಿತ್ತಾ, ನಾನು ಬಿಡಲೇಬೇಕು ಅಂತ?" ಎಂದರು.

"ಹೇಳೋಣ ಅಂತಲೇ ಎದ್ದುನಿಂತೆ. ಬಾಯಿ ತೆಗೆಯೋಕೆ ಮುಂಚೆ ಚಪ್ಪಾಳೆ ಹೊಡೆದು, ಅನುಮೋದಿಸಿದವರು ಅಂತ ನನ್ನ ಹೆಸರು ಬರ್ಕೊಂಡ್ರು." ಆಕೆಗೆ ಸಿಟ್ಟು ಬಂದಿರಲಿಲ್ಲ, ಅದಕ್ಕೇ ಕಾರ್ಯದರ್ಶಿಗಳಿಗೆ ಹೆಚ್ಚು ಭಯವಾಯಿತು. "ಅಷ್ಟು ಜನ ನಿಮ್ಮನ್ನ ಹೊಗಳ್ತಿದ್ರು. ಕೇಳ್ತಾ ಕೇಳ್ತಾ ನಂಗೂ ಹೆಮ್ಮೆ ಆಗಿಬಿಡ್ತು ಕಣ್ರೀ, ಸುಳ್ಳು ಯಾಕೆ ಹೇಳ್ಲಿ. ಈಜಿಗೆ ನಿಮ್ಮ ಬದಲು ಹೊಲಿಗೆಯಕ್ಕ ಬರ್ತಾರಂತೆ. ಅವರಿಗೆ ಭಾನುವಾರ ಬಿಡುವಾಯ್ತಲ್ಲ."

ಅಷ್ಟರಲ್ಲಿ ಷಡ್ಡಕರು ಬಂದು ಕೈಕುಲುಕಿದರು. "ನಿಮ್ಮ ಪತ್ರ ಬಂತು, ಬಹಳ ಸಂತೋಷ. ಏನು ಬರೆದಿತ್ತೋ ನೋಡಲಿಲ್ಲ, ಆ ಆಮೆ ಮಾತ್ರ ಬಹಳ ಚೆನ್ನಾಗಿದೆ."

ಕಾರ್ಯದರ್ಶಿಗಳು ಹೊಸ ಕುರ್ಚಿಯಲ್ಲಿ ಕುಸಿದು ಕೂತರು. ಅದು ಕಿರ್ ಎನ್ನಲಿಲ್ಲ. ಗಟ್ಟಿಯಾದ ರಿಪೇರಿ.

"ನಿಮ್ಮ ಫೋನ್ ತೆಗೀರಿ" ಎಂದರು ಹೆಂಡತಿ. "ನನ್ನ ಹೆಸರು ತೆಗೆದು ನಿಮ್ಮದು ಹಾಕ್ಕೊಳ್ಳಿ. ಭಾನುವಾರ ನೀವು ಎಲ್ಲಿರ್ತೀರಿ ಅಂತ ಇನ್ನು ಐದು ವರ್ಷ ನಂಗೆ ಯಾವ ಪತ್ರವೂ ಹೇಳ್ಬೇಕಾಗಿಲ್ಲ."

ಅವರು ಹಾಗೆಯೇ ಮಾಡಿದರು. ಹೆಸರು ಸೇರಿದ ಮರುಕ್ಷಣ ಫೋನು ಟಿಣ್ ಎಂದಿತು. ಹೊಸಬರು ಸೇರಿದಾಗ ತಾನಾಗಿ ಹೋಗಲೆಂದು, ನಾಲ್ಕು ವರ್ಷದ ಹಿಂದೆ ಅವರೇ ಬರೆದಿಟ್ಟಿದ್ದ ಸ್ವಾಗತ ಪತ್ರ.

"ಪ್ರಿಯ ಹೊಸ ಸದಸ್ಯರೇ, ನಮ್ಮ ಸಂಘಕ್ಕೆ ಸ್ವಾಗತ. ಇಲ್ಲಿ ಯಾರಿಗೂ ಬಲವಂತವಿಲ್ಲ. ಬೇಡವೆನಿಸಿದ ದಿನ ಕೆಳಗಿನ ಗುಂಡಿ ಒತ್ತಿದರೆ ಸಾಕು, ತಕ್ಷಣ ಬಿಡುಗಡೆ. ಇಂತಿ ತಮ್ಮ ವಿಶ್ವಾಸಿ, ಕಾರ್ಯದರ್ಶಿ."

ಅದರ ಕೆಳಗೆ ಆಮೆ ಕಣ್ಣು ಮಿಟುಕಿಸಿತು.