ಹಂತಕಿಯ ಸಿನಿಮಾ ಮತ್ತು ಸಾಯಲೊಪ್ಪದ ಅಧ್ಯಕ್ಷರು

ಸಂಗತಿಗಳು ಇಷ್ಟು.

ಕೊಪ್ಪದ ಪೇಟೆಯಲ್ಲಿ ಒಂದು ಖಾಸಗಿ ವಾಚನಾಲಯವಿದೆ. ಅದರ ಹಿಂಬದಿಗೆ ಒಂದು ಸಭಾಂಗಣವಿದೆ. ಸಭಾಂಗಣಕ್ಕೆ ಸಮಿತಿಯಿದೆ, ಸಮಿತಿಗೆ ಒಬ್ಬರು ಅಧ್ಯಕ್ಷರಿದ್ದಾರೆ. ನನಗೆ ಸ್ನಾತಕೋತ್ತರ ಪದವಿಯಿದೆ, ಉದ್ಯೋಗವಿಲ್ಲ. ಕಳೆದ ವರ್ಷ ಅಧ್ಯಕ್ಷರು ಆ ಸಭಾಂಗಣವನ್ನು ಶಾಮಿಯಾನದ ವ್ಯಾಪಾರಿಯೊಬ್ಬರಿಗೆ, ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿಡಲು, ಬಿಟ್ಟುಕೊಡಲು ತೀರ್ಮಾನಿಸಿದರು. ನಾನು ವಿರೋಧಿಸಿದೆ. ವಿರೋಧದ ಭಾಗವಾಗಿ ಒಂದು ಸಿನಿಮಾ ತೋರಿಸಿದೆ. ಸಿನಿಮಾ ಕೆಟ್ಟದಾಗಿತ್ತು.

ಇವುಗಳಲ್ಲಿ ನಗುವಂಥದ್ದು ಯಾವುದೂ ಇಲ್ಲ. ಆದರೆ ಶೃಂಗೇರಿಯಿಂದ ನರಸಿಂಹರಾಜಪುರದವರೆಗಿನ ನಮ್ಮ ಸೀಮೆಯಲ್ಲಿ ಯಾರಾದರೂ ಸಿಟ್ಟಿನಿಂದ ಒಂದು ಕೆಲಸ ಆರಂಭಿಸಿದರೆ ಅದು ನಗೆಗೆ ತಿರುಗದೆ ಇರುವುದಿಲ್ಲ. ನನ್ನ ವಿಷಯದಲ್ಲಂತೂ ಇದು ಪದೇಪದೇ ಆಗುತ್ತಿದೆ. ಇದಕ್ಕೆ ನಾನು ಹೊಣೆಯಲ್ಲ ಎಂಬುದನ್ನು ಸ್ಥಾಪಿಸುವುದಕ್ಕಾಗಿಯೇ ಕೆಳಗಿನ ಪ್ರಸಂಗಗಳನ್ನು ದಾಖಲಿಸುತ್ತಿದ್ದೇನೆ.

ಅರ್ಜಿ

ಅಧ್ಯಕ್ಷರಿಗೆ ನಾನು ಎರಡು ಪುಟಗಳ ಅರ್ಜಿ ಬರೆದೆ. ಪೇಟೆಯಲ್ಲಿ ಗಂಡಸರು ಕೂರಲು ಹೋಟೆಲಿದೆ, ಸೊಸೈಟಿಯ ಕಟ್ಟೆಯಿದೆ, ಬಸ್ ನಿಲ್ದಾಣದ ಬೆಂಚಿದೆ. ಹೆಂಗಸರು ಕೆಲಸವಿಲ್ಲದೆ, ಕಾರಣ ಹೇಳದೆ, ಒಂದು ಗಂಟೆ ಕೂರಬಹುದಾದ ಜಾಗ ಈ ಸಭಾಂಗಣವೊಂದೇ ಎಂಬುದು ಅದರ ತಿರುಳು. ನನಗೆ ಇದು ಕೇವಲ ವಾದವಾಗಿರಲಿಲ್ಲ. ಪದವಿ ಮುಗಿಸಿ ಬಂದ ಮೇಲೆ "ಮುಂದೇನು?" ಎಂದು ಯಾರೂ ಕೇಳದಿದ್ದ ಏಕೈಕ ಕೋಣೆ ಅದು.

ಅಧ್ಯಕ್ಷರು ತಾಳಮದ್ದಲೆಯ ಅರ್ಥಧಾರಿಗಳು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿಗಳು ಕೂತಲ್ಲಿಯೇ ಅದರ ಅರ್ಥ ಹೇಳುತ್ತಾ ವಾದಿಸುತ್ತಾರೆ. ನಮ್ಮ ಅಧ್ಯಕ್ಷರು ಆ ವಾದದಲ್ಲಿ ಸೋತದ್ದನ್ನು ಕಂಡವರಿಲ್ಲ. ಕಂಡವರಿದ್ದರೂ ಅಧ್ಯಕ್ಷರು ಒಪ್ಪಿಕೊಂಡಿಲ್ಲ.

ಅವರು ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಎಂತ ಕೂಸೇ, ಇದರಲ್ಲಿ 'ಆದ್ದರಿಂದ' ಅಂತ ಹದಿನಾಲ್ಕು ಸಲ ಉಂಟು."

"ಹೌದು."

"'ದಯವಿಟ್ಟು' ಅಂತ ಒಂದು ಸಲವೂ ಇಲ್ಲ."

"ಅದಕ್ಕೆ ಜಾಗ ಉಳಿಯಲಿಲ್ಲ."

ಅವರು ನಕ್ಕರು. ಮೂರು ಶನಿವಾರ ಕೊಟ್ಟರು. ಷರತ್ತು ಒಂದೇ: ಮೊದಲ ಶನಿವಾರ ಬಂದವರು ಮೂರನೆಯ ಶನಿವಾರವೂ ತಾವಾಗಿಯೇ ಬರಬೇಕು. ಬಾರದಿದ್ದರೆ ಕುರ್ಚಿಗಳು ಬರುತ್ತವೆ.

ಆಯ್ಕೆ

ಹಿಂದೊಮ್ಮೆ ಅದೇ ಸಭಾಂಗಣದಲ್ಲಿ ಒಂದು ಸೂಪರ್‌ಹೀರೋ ಸಿನಿಮಾ ತೋರಿಸಿದ್ದಾಗ ನಿಲ್ಲಲೂ ಜಾಗವಿರಲಿಲ್ಲ. ಆ ಸರಣಿಯಿಂದಲೇ ಕವಲೊಡೆದ ಹೊಸ ಸಿನಿಮಾ ಒಂದು ಬಂದಿತ್ತು. ಮೂಲ ಕಥೆಯಲ್ಲಿ ಹಾದುಹೋಗುವ ಹಂತಕಿಯೊಬ್ಬಳು ಇಲ್ಲಿ ನಾಯಕಿ. ಪೋಸ್ಟರಿನಲ್ಲಿ ಅವಳೊಬ್ಬಳೇ ಇದ್ದಳು. ಅಷ್ಟು ನೋಡಿ, ಹಂಚಿಕೆದಾರರಿಗೆ ಪತ್ರ ಬರೆದು, ಕನ್ನಡ ಡಬ್ಬಿಂಗ್ ಪ್ರತಿಗೆ ಅನುಮತಿ ಪಡೆದೆ. ಸಿನಿಮಾವನ್ನು ಮೊದಲು ನಾನು ನೋಡಬೇಕಿತ್ತು. ನೋಡಲಿಲ್ಲ.

ಕವಲು ಚಿತ್ರವೆಂದರೇನು ಎಂದು ಅಧ್ಯಕ್ಷರು ಕೇಳಿದರು. ವಿವರಿಸಿದೆ.

"ಅಂದ್ರೆ, ಭೀಮನ ಪ್ರಸಂಗ ಅಂತ ಜನ ಸೇರಿಸಿ ಭೀಮನ ಗದೆ ಒರೆಸುವವಳ ಕಥೆ ಹೇಳೋದು."

"ಒರೆಸುವವಳಲ್ಲ. ಹಂತಕಿ."

"ಭೀಮ ಬರ್ತಾನಾ?"

"ಕೊನೆಯಲ್ಲಿ ಎರಡು ನಿಮಿಷವಂತೆ."

"ಎರಡು ನಿಮಿಷಕ್ಕೆ ಮಳೆಯಲ್ಲಿ ನರಸಿಂಹರಾಜಪುರದಿಂದ ಬಸ್ ಹತ್ತಿ ಬರ್ತಾರಾ ಕೂಸೇ?"

ಬಂದರು. ಆ ಎರಡು ನಿಮಿಷ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಕಾಡು ಮತ್ತು ಜೇಬು

ಮೊದಲ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಸಭಾಂಗಣ ತುಂಬಿತ್ತು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ನನ್ನ ಎಡಕ್ಕೆ ಕೆರೆಕಟ್ಟೆಯಿಂದ ಬಂದಿದ್ದ ಅರಣ್ಯ ಇಲಾಖೆಯ ವಾಚರ್, ಬಲಕ್ಕೆ ಹರಿಹರಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು.

ಮೊದಲ ದೃಶ್ಯದಲ್ಲಿ ನಾಯಕಿ ಮಳೆಗಾಡಿನ ಒದ್ದೆ ತರಗೆಲೆಯ ಮೇಲೆ ಬೋರಲು ಮಲಗಿ, ಬಂದೂಕು ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಒಬ್ಬನಿಗಾಗಿ ಕಾಯುತ್ತಾಳೆ. ವಾಚರ್ ನನ್ನ ಕಡೆ ಬಾಗಿದರು.

"ಉಂಬಳ ಎಲ್ಲಿ?"

"ಏನು?"

"ಉಂಬಳ. ಇಡೀ ದಿನ ಮಲಗಿದ್ದಾಳೆ, ರಕ್ತ ಹೀರೋಕೆ ಒಂದೂ ಹತ್ತಲಿಲ್ಲ. ಸುಣ್ಣ-ಹೊಗೆಸೊಪ್ಪು ಹಚ್ಚಿದ್ದೂ ಕಾಣೆ. ಇದು ನಮ್ಮ ಕಾಡಲ್ಲ."

"ಅಲ್ಲ. ಹೊರದೇಶದ್ದು."

ಅವರು ಸ್ವಲ್ಪ ಹೊತ್ತು ಪರದೆಯನ್ನು ಹೊಸ ಆಸಕ್ತಿಯಿಂದ ನೋಡಿದರು. "ಅಲ್ಲಿಗೆ ವರ್ಗ ಮಾಡಿಸ್ಕೊಳ್ಳೋಕೆ ಯಾರಿಗೆ ಅರ್ಜಿ ಕೊಡಬೇಕು?"

ಬಲಗಡೆಯ ಆಕ್ಷೇಪ ಬೇರೆಯದು. ನಾಯಕಿ ಮೈಗೆ ಅಂಟಿದಂಥ ಕಪ್ಪು ಉಡುಪಿನಲ್ಲಿದ್ದಳು. ಬೆರಳು ಮಡಿಸಿ ಎಣಿಸುತ್ತಿದ್ದ ಹೊಲಿಗೆಯವರು ಕೊನೆಗೆ ನನ್ನ ಮೊಣಕೈ ಮುಟ್ಟಿದರು.

"ಒಂಬತ್ತು ಚಾಕು ತೆಗೆದಳು. ಈ ಬಟ್ಟೆಗೆ ಒಂದೂ ಜೇಬಿಲ್ಲ."

"ಅದು ಕಲ್ಪನೆ."

"ಕಲ್ಪನೆ ಇಡೋಕೂ ಒಂದು ಜೇಬು ಬೇಕಲ್ಲ ಮಾರಾಯ್ತಿ."

ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಿನಿಮಾ ವಿಮರ್ಶೆ ಓದಿದ್ದೇನೆ. ಇದಕ್ಕಿಂತ ನಿಖರವಾದ ವಾಕ್ಯವನ್ನು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡು ನಿಮಿಷ

ಕಥೆಯ ಕೊನೆಗೆ ಹಂತಕಿ ತನಗೆ ಕೊಲ್ಲುವ ವಿದ್ಯೆ ಕಲಿಸಿದ ಗುರುವನ್ನೇ ಕೊಲ್ಲಲು ಅವನ ರಹಸ್ಯ ಶಾಲೆಗೆ ಬರುತ್ತಾಳೆ. ದೀಪಗಳು ಆರುತ್ತವೆ. ಕತ್ತಲಲ್ಲಿ ಹೋರಾಟ ಆರಂಭವಾಗುತ್ತದೆ. ಕತ್ತಿಯ ಸದ್ದು, ಏದುಸಿರು, ಏನೋ ಒಡೆದ ಸದ್ದು. ಪರದೆ ಕಪ್ಪಗಿತ್ತು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಡುವೆ ಒಂದು ಗಂಭೀರ ಗಂಡುಧ್ವನಿ "ನಾನು ಬಂದಿದ್ದೇನೆ" ಎಂದಿತು. ಮೂಲ ಕಥೆಯ ನಾಯಕ. ಚಪ್ಪಾಳೆ ಬಿತ್ತು. ಪರದೆ ಇನ್ನೂ ಕಪ್ಪಗಿತ್ತು.

ಆಮೇಲೆ, ಚಹಾ ಮಾಡಲು ಕರೆಸಿದ್ದ ಅಡುಗೆಯವರು ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ಕೇಳಿದರು: "ಕರೆಂಟ್ ಹೋಗಿ ಎಷ್ಟು ಹೊತ್ತಾಯ್ತು, ಎಲ್ಲ ಎಂತ ನೋಡ್ತಾ ಕೂತಿದ್ದೀರಿ?"

ಲ್ಯಾಪ್‌ಟಾಪಿಗೂ ಸ್ಪೀಕರಿಗೂ ಬ್ಯಾಟರಿಯಿತ್ತು. ಪ್ರೊಜೆಕ್ಟರಿಗೆ ಇರಲಿಲ್ಲ. ಕರೆಂಟ್ ಮರಳಿದಾಗ ಪರದೆಯ ಮೇಲೆ ಹೆಸರುಗಳು ಮೇಲೇರುತ್ತಿದ್ದವು. ಗುರು ಸತ್ತನೇ ಬದುಕಿದನೇ ಯಾರಿಗೂ ಗೊತ್ತಾಗಲಿಲ್ಲ. ಆ ಭಾಗವನ್ನು ಮತ್ತೊಮ್ಮೆ ಹಾಕೋಣವೆಂದರೆ ನರಸಿಂಹರಾಜಪುರದ ಕಡೆಯ ಬಸ್ಸಿಗೆ ಹೊತ್ತಾಗಿತ್ತು, ಸಭೆ ಚದುರಿತು.

ಮರುದಿನ ನಾನೊಬ್ಬಳೇ ಲ್ಯಾಪ್‌ಟಾಪಿನಲ್ಲಿ ಆ ದೃಶ್ಯವನ್ನು ಮೂರು ಸಲ ನೋಡಿದೆ. ಕರೆಂಟ್ ಇದ್ದರೂ ಏನೂ ಕಾಣಿಸಲಿಲ್ಲ.

ದೂರಿನ ಸಭೆ

ಎರಡನೆಯ ಶನಿವಾರ ಚರ್ಚೆ ಇಟ್ಟಿದ್ದೆ. ಐದಾರು ಮಂದಿ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಬೆಂಚು ಸಾಲಲಿಲ್ಲ. ಎಲ್ಲರೂ ಬಂದದ್ದು ಸಿನಿಮಾವನ್ನು ಬೈಯಲು.

ಅಧ್ಯಕ್ಷರು ಬಾಗಿಲಲ್ಲಿಯೇ ನಿಂತು ಹೇಳಿದರು: "ಬೈಯೋಕೆ ಬಂದವರನ್ನು ಬಂದವರು ಅಂತ ಹಿಡಿಯೋಕಾಗಲ್ಲ ಕೂಸೇ. ಬೈಯೋಕೆ ನಮ್ಮಲ್ಲಿ ಯಾರು ಬೇಕಾದ್ರೂ ಬರ್ತಾರೆ. ಮೂರನೇ ವಾರ ನೋಡುವ."

ಪಾಚಿ ಕಟ್ಟಿದ ಹೆಂಚಿನ ಮೇಲೆ ನಾಯಕಿ ಎತ್ತರದ ಹಿಮ್ಮಡಿಯ ಬೂಟು ಹಾಕಿ ಓಡಿದ್ದನ್ನು ಒಬ್ಬರು ಬೈದರು. ಉಂಬಳದ ವಿಷಯವನ್ನು ವಾಚರ್ ವಿಸ್ತಾರವಾಗಿ ಮಂಡಿಸಿದರು. ಹೊಲಿಗೆಯವರು ಎದ್ದು ನಿಂತಾಗ ಜೇಬಿನ ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ.

"ಹನ್ನೊಂದು ಜನರನ್ನು ಕೊಂದಳು," ಎಂದರು. "ಒಬ್ಬನಿಗೂ ಯಾಕೆ ಅಂತ ಹೇಳಲಿಲ್ಲ. ಅವರೂ ಕೇಳಲಿಲ್ಲ. ನಮ್ಮ ತಾಳಮದ್ದಲೆಯಲ್ಲಿ ಬಾಣ ಬಿಡೋಕೆ ಮೊದಲು ಒಂದು ಗಂಟೆ ಬಾಯಿ ಬಿಡ್ತಾರೆ. ಸಾಯುವವನಿಗೂ ತನ್ನ ಮಾತು ಹೇಳೋಕೆ ಜಾಗ ಉಂಟು. ಇವಳಿಗೆ ಚಾಕು ಕೊಟ್ಟರು, ಮಾತು ಕೊಡಲಿಲ್ಲ."

ಸಭೆ ತಲೆದೂಗಿತು. ಅಧ್ಯಕ್ಷರು ಬಾಗಿಲಿನಿಂದ ಒಳಗೆ ಬಂದು ಕೂತರು.

"ಗುರುವೂ ಸತ್ತಿಲ್ಲ," ಎಂದರು. "ಸತ್ತದ್ದನ್ನು ಕಂಡವರಿಲ್ಲ. ಆದ್ದರಿಂದ ಸತ್ತಿಲ್ಲ."

ಅವರು 'ಆದ್ದರಿಂದ' ಎಂದದ್ದನ್ನು ನಾನು ಗಮನಿಸಿದೆ.

"ಸತ್ತಿದ್ದಾನೆ," ಎಂದರು ಹೊಲಿಗೆಯವರು.

"ಹೇಗೆ?"

"ಸಾಯಬೇಕಿತ್ತು, ಅದಕ್ಕೆ."

ಕಾಲು ಗಂಟೆಯ ವಾದದ ನಂತರ, ಮೂರನೆಯ ಶನಿವಾರ ಈ ಕಥೆಯನ್ನೇ ತಾಳಮದ್ದಲೆಯಾಗಿ ನಡೆಸುವುದೆಂದು ತೀರ್ಮಾನವಾಯಿತು. ಪದ್ಯ ನಾನು ಬರೆಯಬೇಕು. ಗುರುವಿನ ಪಾತ್ರವನ್ನು ಅಧ್ಯಕ್ಷರು ತಾವಾಗಿಯೇ ಹೊತ್ತರು. ಹಂತಕಿ ಯಾರು ಎಂದಾಗ ಎಲ್ಲರೂ ಹೊಲಿಗೆಯವರನ್ನು ನೋಡಿದರು.

"ನಿಮಗೆ ಅರ್ಥ ಹೇಳಿ ಅಭ್ಯಾಸ ಉಂಟಾ?" ಎಂದು ಅಧ್ಯಕ್ಷರು ಕೇಳಿದರು.

"ಅಪ್ಪ ಹೇಳ್ತಿದ್ರು. ನಾನು ಒಳಗೆ ಗುಂಡಿಯ ಕಾಜಾ ಹೊಲಿಯುತ್ತಾ ಕೇಳ್ತಿದ್ದೆ. ಅವರು ತಡವರಿಸಿದಲ್ಲಿ ಮುಂದಿನ ಮಾತು ನನಗೆ ಹೊಳೀತಿತ್ತು."

"ಮತ್ತೆ ಒಂದು ಸಲವೂ ಕೂರಲಿಲ್ಲವಾ?"

"ಕೂತ್ಕೋ ಅಂತ ಇವತ್ತಿನವರೆಗೆ ಯಾರೂ ಹೇಳಲಿಲ್ಲ. ನೀವೂ ಹೇಳಲಿಲ್ಲ, ಕೇಳಿದ್ರಿ ಅಷ್ಟೆ."

ಅಧ್ಯಕ್ಷರು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕೂತ್ಕೊಳ್ಳಿ."

ಎಂಟನೆಯ ಪದ್ಯ

ಮದ್ದಲೆಯವರನ್ನು ಕರೆದುಕೊಂಡು ಮುತ್ತಿನಕೊಪ್ಪದಿಂದ ಭಾಗವತರು ಬಂದರು. ಅವರು ಹೆಚ್ಚು ಮಾತಿನವರಲ್ಲ. ಬಂದವರೇ ನನ್ನಿಂದ ಪದ್ಯದ ಹಾಳೆ ಪಡೆದು, "ಹಾಳೆಯಲ್ಲಿದ್ದದ್ದು ಹಾಡ್ತೇನೆ. ಇಲ್ಲದ್ದು ಹಾಡಲ್ಲ. ಆರು ಗಂಟೆಗೆ ನನ್ನ ಬಸ್ಸು," ಎಂದರು.

ಹಾಳೆಯಲ್ಲಿ ಏಳು ಪದ್ಯಗಳಿದ್ದವು. ಎಂಟನೆಯದು ಗುರುವಿನ ಸಾವಿನ ಪದ್ಯ. ಅವನು ಸತ್ತನೋ ಇಲ್ಲವೋ ಎಂಬುದು ಇತ್ಯರ್ಥವಾಗದ ಕಾರಣ ಅದನ್ನು ನಾನು ಬರೆದಿರಲಿಲ್ಲ. ಇದು ತಪ್ಪು. ನಾನು ತಪ್ಪುಗಳನ್ನು ಅಪರೂಪಕ್ಕೆ ಒಪ್ಪಿಕೊಳ್ಳುತ್ತೇನೆ, ಇದನ್ನು ಒಪ್ಪಿಕೊಳ್ಳುತ್ತೇನೆ.

ಸಭಾಂಗಣದಲ್ಲಿ ಮೊದಲ ಶನಿವಾರದವರೆಲ್ಲ ಇದ್ದರು. ಕೊನೆಯ ಸಾಲಿನಲ್ಲಿ ಶಾಮಿಯಾನದ ವ್ಯಾಪಾರಿಯೂ ಇದ್ದರು. ಗೋಡೆಗಳ ಅಳತೆ ತೆಗೆಯಲು ಟೇಪು ಹಿಡಿದು ಬಂದವರು, ಮದ್ದಲೆಯ ಸದ್ದಿಗೆ ಕೂತುಬಿಟ್ಟಿದ್ದರು. ಷರತ್ತು ಈಡೇರಿತೆಂದು ನಾನು ಕುರ್ಚಿಗಳ ಮಾತನ್ನು ಎತ್ತಲು ಹೋದಾಗ ಅಧ್ಯಕ್ಷರು ಕೈಯೆತ್ತಿ ತಡೆದರು: "ಪ್ರಸಂಗ ಮುಗಿದ ಮೇಲೆ ತೀರ್ಮಾನ."

ಏಳನೆಯ ಪದ್ಯ ಮುಗಿದು ಹಂತಕಿ ಗುರುವಿನ ಎದುರು ನಿಂತಳು, ಅಂದರೆ ಕೂತಳು.

"ಶಿಷ್ಯೆ," ಎಂದರು ಅಧ್ಯಕ್ಷರು ಗುರುವಾಗಿ, "ಕೊಲ್ಲಲು ಬಂದೆ, ಸರಿ. ವಿದ್ಯೆ ಪಡೆದವಳು ಗುರುದಕ್ಷಿಣೆ ಕೊಟ್ಟಿಲ್ಲ. ಆ ಋಣ ಇಟ್ಟುಕೊಂಡು ಹೇಗೆ ಕತ್ತಿ ಎತ್ತುತ್ತೀ?"

"ನೀವು ಕಲಿಸಿದ್ದು ಕೊಲ್ಲುವುದನ್ನು," ಎಂದರು ಹೊಲಿಗೆಯವರು. "ಕಲಿತ ಪಾಠವನ್ನು ಗುರುಗಳಿಗೆ ಒಪ್ಪಿಸುವುದಕ್ಕಿಂತ ದೊಡ್ಡ ದಕ್ಷಿಣೆ ಉಂಟೇ? ಒಪ್ಪಿಸಿಕೊಳ್ಳಿ."

ವಾಚರ್ ನೆಲಕ್ಕೆ ಕೈ ಬಡಿದರು.

ಅಧ್ಯಕ್ಷರ ಕಣ್ಣು ಚುರುಕಾಯಿತು. "ನನ್ನನ್ನು ಕೊಂದರೆ ಈ ಶಾಲೆ ಮುಚ್ಚುತ್ತದೆ. ನಾಲ್ಕು ಜನ ಸೇರಿ ಕಲಿಯುವ ಜಾಗ. ಕಟ್ಟುವುದು ಕಷ್ಟ, ಮುಚ್ಚುವುದಕ್ಕೆ ಒಂದು ಬೀಗ ಸಾಕು. ಹೇಳು, ಅಂಥ ಜಾಗವನ್ನು ಮುಚ್ಚುವವರನ್ನು ಲೋಕ ಏನೆಂದು ಕರೆಯುತ್ತದೆ?"

ಹೊಲಿಗೆಯವರು ಸೂಜಿಗೆ ದಾರ ಪೋಣಿಸುವಾಗಿನ ಮುಖ ಮಾಡಿ ಒಮ್ಮೆ ಸಭಾಂಗಣದ ಮಾಡು ನೋಡಿದರು, ಒಮ್ಮೆ ಕೊನೆಯ ಸಾಲಿನ ಟೇಪು ನೋಡಿದರು.

"ಕೊಲೆ ಕಲಿಸುವ ಶಾಲೆಯನ್ನೇ ಮುಚ್ಚಬಾರದು ಎನ್ನುತ್ತೀರಿ. ಒಪ್ಪಿದೆ, ಗುರುಗಳೇ. ಹಾಗಾದರೆ ಹೆಂಗಸರು ಕೂತು ನಾಲ್ಕು ಮಾತಾಡುವ ಜಾಗವನ್ನು ಕುರ್ಚಿ ಪೇರಿಸಲು ಕೊಡುವವರನ್ನು ಲೋಕ ಏನೆಂದು ಕರೆಯಬೇಕು? ಹೆಸರು ನೀವೇ ಹೇಳಿ. ನೀವು ಹೇಳಿದ್ದನ್ನೇ ನಾನೂ ಹೇಳ್ತೇನೆ."

ಅಧ್ಯಕ್ಷರು ನೀರು ಕುಡಿದರು. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕುಡಿದರು.

ನಿಯಮದ ಪ್ರಕಾರ ಇಂಥಲ್ಲಿ ಭಾಗವತರು ಮುಂದಿನ ಪದ್ಯ ಎತ್ತಿ ಪಾತ್ರಧಾರಿಯನ್ನು ಬಿಡಿಸಬೇಕು. ಎಲ್ಲರೂ ಭಾಗವತರನ್ನು ನೋಡಿದರು. ಭಾಗವತರು ಹಾಳೆ ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಿತ್ತು.

"ಪದ್ಯ ಇಲ್ಲ," ಎಂದರು.

"ಇಲ್ಲ ಅಂದ್ರೆ?" ಎಂದು ಅಧ್ಯಕ್ಷರು ಗುರುವಿನ ಧ್ವನಿಯಲ್ಲಿಯೇ ಕೇಳಿದರು.

"ನೀವು ಸಾಯುವ ಪದ್ಯ ಬರೆದಿಲ್ಲ. ಪದ್ಯ ಇಲ್ಲದೆ ನಾನು ಯಾರನ್ನೂ ಸಾಯಿಸಿದವನಲ್ಲ. ಆರು ಗಂಟೆ ಆಯ್ತು." ಜಾಗಟೆ ಚೀಲಕ್ಕೆ ಸೇರಿತು.

ಅಧ್ಯಕ್ಷರು ಎದ್ದು ನಿಂತರು. ಸಭೆಯನ್ನು ನೋಡಿದರು. ಸೋತವರಂತೆ ಮನೆಗೆ ಹೋಗುವುದು ಅವರ ಅನುಭವದಲ್ಲಿ ಇರಲಿಲ್ಲ.

"ಇದಕ್ಕೆ ನನ್ನಲ್ಲಿ ಉತ್ತರ ಉಂಟು," ಎಂದರು. "ಮುಂದಿನ ಶನಿವಾರ ಹೇಳ್ತೇನೆ. ಪ್ರಸಂಗ ಮುಗಿದಿಲ್ಲ."

"ಪ್ರಸಂಗ ಮುಗಿದ ಮೇಲೆ ಕುರ್ಚಿಯ ತೀರ್ಮಾನ ಅಂದಿದ್ರಿ," ಎಂದು ನಾನು ನೆನಪಿಸಿದೆ.

"ಹೌದು. ಮುಗಿದಿಲ್ಲವಲ್ಲ."

ಆಮೇಲೆ ಎಷ್ಟೋ ಶನಿವಾರಗಳು ಕಳೆದಿವೆ. ಅಧ್ಯಕ್ಷರು ಪ್ರತಿ ವಾರ ಹೊಸ ಉತ್ತರ ತರುತ್ತಾರೆ. ಹೊಲಿಗೆಯವರು ಅದನ್ನು ಬಿಚ್ಚಿ, ಅಳತೆ ಸರಿಮಾಡಿ, ಹಿಂದಕ್ಕೆ ಕೊಡುತ್ತಾರೆ. ಶೃಂಗೇರಿಯ ಕಡೆಯಿಂದ ಇಬ್ಬರು ಹೆಂಗಸರು ಹಂತಕಿಯ ಪಕ್ಷದಲ್ಲಿ ಅರ್ಥ ಹೇಳಲು ಸೇರಿದ್ದಾರೆ. ಬೆಂಚು ಸಾಲದ ಕಾರಣ ಶಾಮಿಯಾನದ ವ್ಯಾಪಾರಿ ತಾವೇ ವ್ಯಾನಿನಲ್ಲಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕುತ್ತಾರೆ. ಹೀಗೆ ಕುರ್ಚಿಗಳು ಸಭಾಂಗಣಕ್ಕೆ ಬಂದೇ ಬಂದವು. ಆದರೆ ಒಂದರ ಮೇಲೆ ಒಂದು ಕೂತಿಲ್ಲ, ಅವುಗಳ ಮೇಲೆ ಜನ ಕೂತಿದ್ದಾರೆ. ಆ ಕೆಟ್ಟ ಸಿನಿಮಾದ ಬಗ್ಗೆ ನನಗೀಗ ಕೃತಜ್ಞತೆಯಿದೆ. ಅದು ಚೆನ್ನಾಗಿದ್ದಿದ್ದರೆ ಎಲ್ಲರೂ ತೃಪ್ತರಾಗಿ ಮನೆಗೆ ಹೋಗುತ್ತಿದ್ದರು.

ಎಂಟನೆಯ ಪದ್ಯವನ್ನು ನಾನು ಇಂದಿನವರೆಗೂ ಬರೆದಿಲ್ಲ. ಗುರು ಬದುಕಿರುವವರೆಗೆ ಪ್ರಸಂಗ ಮುಗಿಯುವುದಿಲ್ಲ. ಪ್ರಸಂಗ ಮುಗಿಯುವವರೆಗೆ ಬೀಗ ಬೀಳುವುದಿಲ್ಲ. ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ನಮ್ಮ ಸೀಮೆಯ ಮೂರು ತಾಲ್ಲೂಕುಗಳಲ್ಲಿ ಪದ್ಯ ಕಟ್ಟಬಲ್ಲವರು ನಿಮಗೆ ಯಾರೇ ಗೊತ್ತಿರಲಿ, ಇದನ್ನು ಅವರಿಗೆ ದಾಟಿಸಿ. ಅವರಿಂದ ಇನ್ನೊಬ್ಬರಿಗೆ ದಾಟಿಸಲು ಹೇಳಿ. ಯಾರೂ ಆ ಪದ್ಯವನ್ನು ಬರೆದುಕೊಡಬಾರದೆಂದು ತಿಳಿಸಿ. ದಯವಿಟ್ಟು.

ಅಧ್ಯಕ್ಷರಿಗೆ ಮಾತ್ರ ಕಳುಹಿಸಬೇಡಿ. ಈ 'ದಯವಿಟ್ಟು'ವನ್ನು ಅವರು ಎಣಿಸುತ್ತಾರೆ.