ಮೊಮ್ಮಗಳ ಮುಡಿಗೆ ಮನೆ ಎಳೆದುಕೊಂಡು ಹೋದದ್ದು

ಮನೆಯನ್ನೇ ಗಾಡಿಯ ಹಿಂದೆ ಕಟ್ಟಿಕೊಂಡು ಹೋದರೆ ದಾರಿಯಲ್ಲಿ ಯಾವ ತೊಂದರೆಯೂ ಬರುವುದಿಲ್ಲ ಎಂದು ಹೇಳಿದವಳು ನಾನೇ. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ಮನೆಮಂದಿಯೆಲ್ಲ ಕೂತಿದ್ದಾಗ, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ಗಟ್ಟಿ ದನಿಯಲ್ಲಿ ಹೇಳಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಜ್ಜಿಯಾಗುವುದಕ್ಕೆ ಯಾವ ಪರೀಕ್ಷೆಯೂ ಇಲ್ಲ ನೋಡಿ! ಹನ್ನೊಂದು ತಿಂಗಳ ಹಿಂದೆ ನನ್ನ ಮಗ ಮಂಜನಿಗೆ ಹೆಣ್ಣು ಮಗು ಹುಟ್ಟಿತು. ಸಿರಿ ಎಂದು ಹೆಸರು. ಅವಳು ಮೊದಲ ಸಲ ಸೀನಿದ ದಿನ ಪುಟ್ಟೇನಹಳ್ಳಿಯ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದವಳು ನಾನು. "ಸೀನಿದ್ದಕ್ಕಾ ಆಂಟಿ?" ಎಂದು ಮಹಡಿಯ ಬಾಡಿಗೆಯವರು ಕೇಳಿದರು. ಎಷ್ಟು ಚೆನ್ನಾಗಿ ಸೀನಿದಳು ಎಂದು ಅವರಿಗೇನು ಗೊತ್ತು!

ಮಗುವಿಗೆ ವರ್ಷ ತುಂಬುವುದರೊಳಗೆ ಮನೆದೇವರಿಗೆ ಮೊದಲ ಮುಡಿ ಕೊಡಬೇಕು. ಕತ್ತರಿ ಹಾಕುವವನು ಸೋದರಮಾವ. ಮೊದಲ ಕುಚ್ಚು ಬೀಳಬೇಕಾದದ್ದು ಅಜ್ಜಿಯ ಸೆರಗಿಗೆ. ಇದು ನಮ್ಮ ಮನೆಯ ಪದ್ಧತಿ. ಮಂಜನ ಮುಡಿಯ ದಿನ ನನ್ನ ಅತ್ತೆ ಸೆರಗು ಒಡ್ಡಿ ರಾಣಿಯ ಹಾಗೆ ಕೂತಿದ್ದರು. ಹೆತ್ತ ತಾಯಿಯಾದ ನಾನು ತೆಂಗಿನಕಾಯಿ ಬುಟ್ಟಿ ಹಿಡಿದು ಕಂಬದ ಹಿಂದೆ ನಿಂತಿದ್ದೆ. ಒಂದು ಕೂದಲೂ ಕಾಣಲಿಲ್ಲ. ಅವತ್ತಿನಿಂದ ನನ್ನ ಸರದಿಗೆ ಕಾದಿದ್ದೇನೆ. ನಮ್ಮ ಅಯ್ಯನೋರು ಲೆಕ್ಕ ಹಾಕಿ, ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಆಗಬೇಕು, ಅದು ತಪ್ಪಿದರೆ ವರ್ಷದೊಳಗೆ ಬೇರೆ ದಿನವೇ ಇಲ್ಲ ಎಂದರು. ನಮ್ಮ ಮನೆದೇವರು ಇರುವುದು ಕೊಳ್ಳೇಗಾಲವನ್ನೂ ದಾಟಿ, ಬೆಟ್ಟದ ತಪ್ಪಲಿನಲ್ಲಿ.

ನಮ್ಮದು ಶಾಮಿಯಾನ, ಪಾತ್ರೆ ಬಾಡಿಗೆಯ ಅಂಗಡಿ. ಮಂಜ ಹೊಸದಾಗಿ ಒಂದು ಕರೆಂಟಿನ ಟ್ರಕ್ ತಂದಿದ್ದ. ಮುಂದೆ ನಾಲ್ಕು ಬಾಗಿಲು, ಹಿಂದೆ ತೊಟ್ಟಿ. ಶಬ್ದವೇ ಇಲ್ಲ. ಅದರ ಹಿಂದೆ ಎಳೆಯುವುದಕ್ಕೆಂದು ತಲಘಟ್ಟಪುರದ ಶೆಡ್ಡಿನಲ್ಲಿ ಚಕ್ರದ ಮೇಲೆ ಒಂದು ತಗಡಿನ ಮನೆಯನ್ನೂ ಮಾಡಿಸಿದ್ದ. ಮೈದಾನದಲ್ಲಿ ನಡೆಯುವ ಮದುವೆಗಳಲ್ಲಿ ಹೆಣ್ಣಿಗೆ ಅಲಂಕಾರ ಮಾಡಲು ಬಾಡಿಗೆಗೆ ಕೊಡುವ ಕೋಣೆ ಅದು. ಹೊರಗೆಲ್ಲ ಗುಲಾಬಿ ಬಣ್ಣ. ಒಳಗೆ ಮಂಚ, ಫ್ಯಾನು, ಸುತ್ತ ಬಲ್ಬು ಹಾಕಿದ ದೊಡ್ಡ ಕನ್ನಡಿ. ಅದಕ್ಕೆ ಟ್ರೈಲರ್ ಎನ್ನಬೇಕಂತೆ.

"ಮಗು ಅಲ್ಲಿ ಹೋಗಿ ಎಲ್ಲಿ ಮಲಗುತ್ತೆ? ಎಲ್ಲಿ ಬಟ್ಟೆ ಬದಲಾಯಿಸೋದು? ಈ ಮನೆ ಕಟ್ಕೊಂಡು ಹೋಗೋಣ" ಎಂದೆ.

"ಅಮ್ಮ, ಟ್ರೈಲರ್ ಎಳೆದ್ರೆ ಚಾರ್ಜ್ ಬೇಗ ಮುಗಿಯುತ್ತೆ" ಎಂದ ಮಂಜ.

"ಮುನ್ನೂರು ಕಿಲೋಮೀಟರ್ ಓಡುತ್ತೆ ಅಂತ ನೀನೇ ತಾನೇ ಬೀದಿಗೆಲ್ಲ ಹೇಳಿದ್ದು?"

ಕೊನೆಗೆ ಒಪ್ಪಿದ. ಆದರೆ ಮೂರು ಷರತ್ತು ಹಾಕಿದ. ಗಾಡಿ ಓಡುವಾಗ ಟ್ರೈಲರಿನಲ್ಲಿ ಯಾರೂ ಕೂರಬಾರದು. ಜಾಸ್ತಿ ಸಾಮಾನು ತುಂಬಬಾರದು. ಟ್ರಕ್ಕಿನ ಬ್ಯಾಟರಿಯಿಂದ ಟ್ರೈಲರಿಗೆ ಹೋಗುವ ವೈರಿನಲ್ಲಿ ಲೈಟು, ಫ್ಯಾನು ಬಿಟ್ಟು ಬೇರೇನೂ ಹಾಕಬಾರದು. "ಊಟಕ್ಕೆ ದೇವಸ್ಥಾನದ ಎದುರಿನ ಹೋಟೆಲಿಗೆ ಹೇಳಿದ್ದೀನಿ, ಹೋಳಿಗೇನೂ ಅವ್ರೇ ಮಾಡ್ತಾರೆ" ಎಂದೂ ಸೇರಿಸಿದ.

ಹೋಟೆಲ್ ಹೋಳಿಗೆ! ನನ್ನ ಮೊಮ್ಮಗಳ ಮುಡಿಗೆ!

ನಾನು "ಆಯ್ತಪ್ಪ" ಎಂದೆ. ಆಣೆಯನ್ನೇನೂ ಇಟ್ಟಿರಲಿಲ್ಲ, ಅದನ್ನು ದಯವಿಟ್ಟು ಗಮನಿಸಬೇಕು.

ಭಾನುವಾರ ಮಂಜ ಮಲಗಿ ನಿದ್ದೆ ಮಾಡುತ್ತಿದ್ದಾಗ ನಮ್ಮ ಅಂಗಡಿಯ ದೊಡ್ಡ ಕರೆಂಟ್ ಕುಕ್ಕರು ಟ್ರೈಲರ್ ಸೇರಿತು. ಅದರ ಹಿಂದೆ ಕಲ್ಲಿನ ಗ್ರೈಂಡರು. ಕಡಲೆಬೇಳೆ, ಬೆಲ್ಲದ ಅಚ್ಚು, ಮೈದಾ, ಎಣ್ಣೆ ಡಬ್ಬ, ಕಬ್ಬಿಣದ ಕಾವಲಿ, ಎರಡು ಡ್ರಮ್ಮು ನೀರು, ಮಗುವಿನ ಸ್ನಾನಕ್ಕೆ ತಾಮ್ರದ ಹಂಡೆ. ಎಲ್ಲದರ ಮೇಲೆ ಮದುವೆ ಜಮಖಾನ ಹೊದಿಸಿದೆ. ನೋಡಿದವರಿಗೆ ಯಾರೋ ದಪ್ಪನೆಯ ನೆಂಟರು ಮಲಗಿದ ಹಾಗಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ಕುಂಬಳಕಾಯಿ ಒಡೆದು, ಆರೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟೆವು. ನಾನು, ಯಜಮಾನರು, ಮಂಜ, ಸೊಸೆ ಕಾವ್ಯ, ಸಿರಿ. ಎಲ್ಲರೂ ಟ್ರಕ್ಕಿನಲ್ಲೇ. ಬೀದಿ ತಿರುವಿನಲ್ಲೇ ಗಾಡಿ ಸಿಕ್ಕಿಕೊಂಡಿತು. ಟ್ರಕ್ಕು ಎಡಕ್ಕೆ ತಿರುಗಿತ್ತು, ಟ್ರೈಲರ್ ಮಾತ್ರ ನೇರ ಎದುರು ಮನೆಯ ತುಳಸಿಕಟ್ಟೆ ನೋಡುತ್ತಿತ್ತು. ಯಜಮಾನರು ಇಳಿದು ಕೈ ಬೀಸಿದರು.

"ಬಲಕ್ಕೆ ತಗೋ! ಬಲಕ್ಕೆ!"

"ಯಾವ ಬಲಾ ಅಪ್ಪಾ?"

"ನನ್ನ ಬಲ ಕಣೋ!"

ಇವರ ಬಲ ಯಾವುದೆಂದು ತೀರ್ಮಾನವಾಗುವಷ್ಟರಲ್ಲಿ ಹಾಲಿನವನು, ಸ್ಕೂಲ್ ವ್ಯಾನು, ತರಕಾರಿ ಗಾಡಿ ಎಲ್ಲ ಸಾಲಾಗಿ ನಿಂತಿದ್ದವು. ಮುಕ್ಕಾಲು ಗಂಟೆ ಅಲ್ಲೇ ಹೋಯಿತು.

ತಲಘಟ್ಟಪುರದಲ್ಲಿ ಶೆಡ್ಡಿನವರು ಕೊಂಡಿ ಬಿಗಿಯಾಗಿದೆಯೇ ಎಂದು ನೋಡುವಾಗ ಎಲ್ಲರೂ ಟೀ ಕುಡಿಯಲು ಹೋದರು. ನಾನು "ಮಗು ಬಟ್ಟೆ ತರ್ತೀನಿ" ಎಂದು ಟ್ರೈಲರ್ ಹತ್ತಿದೆ. ಕುಕ್ಕರಿಗೆ ಬೇಳೆ, ನೀರು ಸುರಿದು, ಮುಚ್ಚಳವನ್ನು ಹಗ್ಗದಿಂದ ಕಟ್ಟಿ ಸ್ವಿಚ್ಚು ಹಾಕಿದೆ. ಇಳಿದು ಬಂದು ಏನೂ ಅರಿಯದವಳ ಹಾಗೆ ಬಿಸ್ಕತ್ತು ತಿಂದೆ.

ಕನಕಪುರ ಮುಟ್ಟುವಷ್ಟರಲ್ಲಿ ಮಂಜನ ಮುಖ ಸಣ್ಣದಾಗಿತ್ತು. ಗಾಡಿಯ ಪರದೆಯಲ್ಲಿ ಐವತ್ತೆಂಟು ಪರ್ಸೆಂಟ್ ತೋರಿಸುತ್ತಿತ್ತು. ಎಪ್ಪತ್ತಾದರೂ ಇರಬೇಕಾಗಿತ್ತಂತೆ.

"ಏಸಿ ಆಫ್ ಮಾಡ್ತೀನಿ" ಎಂದು ಮಾಡಿದ. ಹಾಡು ನಿಲ್ಲಿಸಿದ. ಯಜಮಾನರ ಫೋನಿನ ಚಾರ್ಜರ್ ಕಿತ್ತ. "ಇದೊಂದು ಕುಡಿಯೋ ಕರೆಂಟಿಗೆ ಏನಪ್ಪಾ ಆಗುತ್ತೆ!" ಎಂದು ಅವರು ಗೊಣಗಿದರು. ನಾನು ಗಂಭೀರವಾಗಿ, "ಹನಿ ಹನಿ ಕರೆಂಟೂ ಉಳಿಸ್ಬೇಕು ರೀ" ಎಂದು ಬುದ್ಧಿ ಹೇಳಿದೆ. ಆ ಮಾತು ಹೇಗೆ ಬಾಯಿಂದ ಬಂತೋ!

ಮಂಜ ಟೈರಿನ ಗಾಳಿ ನೋಡಲು ನಿಲ್ಲಿಸಿದಾಗ ಮತ್ತೆ ಮಗುವಿನ ಬಟ್ಟೆಯ ನೆಪ. ಬೇಳೆ ಬೆಂದಿತ್ತು. ಕಟ್ಟು ಬಸಿದು, ಬೆಲ್ಲ ಕುಟ್ಟಿ ಸೇರಿಸಿ ಗ್ರೈಂಡರಿಗೆ ಹಾಕಿದೆ. ಕುಕ್ಕರಿಗೆ ಇನ್ನೊಂದು ಸುತ್ತು ಬೇಳೆ. ಎರಡೂ ಸ್ವಿಚ್ಚು ಹಾಕಿದೆ. ಅವಸರದಲ್ಲಿ ಕೈಗೆ ಮೆತ್ತಿದ ಹೂರಣವನ್ನು ಸೆರಗಿಗೆ ಒರೆಸಿಕೊಂಡು ಇಳಿದೆ. ಅಷ್ಟು ಹೊತ್ತಿಗೆ ಗ್ರೈಂಡರಿಗೆ ಮುಚ್ಚಳವೂ ಇದೆ ಎಂಬುದು ನನಗೆ ಮರೆತೇ ಹೋಗಿತ್ತು.

ಸಾತನೂರು ದಾಟಿದೆವು. ಕಿಟಕಿ ತೆಗೆದಿದ್ದರಿಂದ ಯಜಮಾನರು ಮೂಗು ಅರಳಿಸಿದರು.

"ಲೇ, ಬೆಲ್ಲದ ವಾಸನೆ ಬರ್ತಾ ಇಲ್ವೇನೆ?"

"ಈ ಕಡೆ ಆಲೆಮನೆ ಜಾಸ್ತಿ ರೀ" ಎಂದೆ.

ಹಲಗೂರು ಬಂತು. ಹೋಯಿತು. ಅವರು ಮತ್ತೆ ಮೂಗು ಅರಳಿಸಿದರು. "ಅಲ್ಲ ಕಣೇ, ಆಲೆಮನೆ ಹತ್ತು ಮೈಲಿಯಿಂದ ನಮ್ಮ ಹಿಂದೇನೇ ಬರ್ತಾ ಇದೆಯಲ್ಲ!"

ಮಳವಳ್ಳಿಯ ಹತ್ತಿರ ಒಂದು ಹೋಟೆಲಿನ ಪಕ್ಕ ಚಾರ್ಜ್ ಹಾಕುವ ಜಾಗ. ಇಪ್ಪತ್ತಾರು ಪರ್ಸೆಂಟ್ ಉಳಿದಿತ್ತು. ಅಲ್ಲಿ ಕಾರು ನಿಲ್ಲುವಷ್ಟೇ ಜಾಗವಿತ್ತು, ಕಾರಿನ ಹಿಂದೆ ಮನೆ ನಿಲ್ಲುವುದಕ್ಕೆ ಇರಲಿಲ್ಲ.

"ಸಾರ್, ಮನೆ ಬಿಚ್ಚಿ ಆಚೆ ಇಟ್ಟು ಬನ್ನಿ" ಎಂದ ಅಲ್ಲಿ ನೋಡಿಕೊಳ್ಳುವವನು.

ಮಂಜ ಕೊಂಡಿಯ ಹತ್ತಿರ ಬಗ್ಗಿದವನು ಹಾಗೇ ನಿಂತ. "ಅಮ್ಮ, ಒಳಗೆ ಏನೋ ಗರ್ರ್ ಅಂತಿದೆ."

"ಹೊಸ ಚಕ್ರ ಅಲ್ವೇನಪ್ಪಾ, ಹಂಗೇ ಅನ್ಸುತ್ತೆ" ಎಂದೆ.

ಪಾಪ, ಬಿಳಿ ಪಂಚೆ ಉಟ್ಟಿದ್ದ ನನ್ನ ಮಗ ಟ್ರೈಲರಿನ ಕೆಳಗೆ ನುಗ್ಗಿ ಎರಡೂ ಚಕ್ರಕ್ಕೆ ಗ್ರೀಸ್ ಹಚ್ಚಿ, ಕರಿ ಪಂಚೆಯಲ್ಲಿ ಹೊರಗೆ ಬಂದ. ವೈರು ಕಿತ್ತ ಕೂಡಲೇ ಶಬ್ದ ನಿಂತಿತು. "ನೋಡಿದ್ಯಾ, ಗ್ರೀಸ್ ಹಚ್ಚಿದ್ದೇ ಸರಿ ಹೋಯ್ತು!" ಎಂದು ಖುಷಿಪಟ್ಟ. ನಾನು ಅತ್ತ ತಿರುಗಿ ಕೆಮ್ಮಿದೆ.

ಹೋಟೆಲಿನಲ್ಲಿದ್ದ ಏಳೆಂಟು ಗಂಡಸರು ಟ್ರೈಲರನ್ನು ತಳ್ಳಲು ಬಂದರು. ಗುಲಾಬಿ ಬಣ್ಣ ನೋಡಿ ಎಲ್ಲರೂ ಒಳಗೆ ಮದುಮಗಳಿದ್ದಾಳೆ ಎಂದುಕೊಂಡಿದ್ದರು.

"ಹೆಣ್ಣು ಸ್ವಲ್ಪ ಜಾಸ್ತಿನೇ ತೂಕ ಇದ್ದಂಗಿದೆ ಅಣ್ಣ" ಎಂದ ಒಬ್ಬ, ಏದುಸಿರು ಬಿಡುತ್ತ.

ಚಾರ್ಜು ನಿಧಾನವಾಗಿ ಏರಿ ನಲವತ್ತಕ್ಕೆ ಬಂತು. ಗಂಟೆ ಹತ್ತೂಮುಕ್ಕಾಲು. ಕಾವ್ಯಳ ತಮ್ಮ ಲೋಕೇಶ, ಕತ್ತರಿ ಹಾಕಬೇಕಾದ ಸೋದರಮಾವ, ದೇವಸ್ಥಾನದಿಂದ ಫೋನು ಮಾಡಿದ. "ಅತ್ತೆ, ಎಲ್ಲಿದ್ದೀರಾ? ಹನ್ನೆರಡಕ್ಕೆ ಪೂಜಾರ್ರು ಬಾಗ್ಲು ಹಾಕ್ತಾರಂತೆ!"

"ಅಮ್ಮ, ಟ್ರೈಲರ್ ಇಲ್ಲೇ ಬಿಟ್ಟು ಹೋಗೋಣ. ಆರಾಮಾಗಿ ಮುಟ್ತೀವಿ" ಎಂದ ಮಂಜ.

ಇಲ್ಲಿ ನಾನು ಒಂದು ಮಾತು, ಒಂದೇ ಒಂದು ಮಾತು, "ಹೂಂ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ಕಣ್ಣ ಮುಂದೆ ನೂರು ಹೋಳಿಗೆ ಕುಣಿಯುತ್ತಿದ್ದವು. "ಮಗು ಎಲ್ಲಿ ಮಲಗುತ್ತೋ? ಅಜ್ಜಿ ಆಗಿ ನಾನು ಒಪ್ಪಲ್ಲ!" ಎಂದು ಕಣ್ಣಲ್ಲಿ ನೀರು ತಂದುಕೊಂಡೆ. ಸಿರಿ ಕಾವ್ಯಳ ತೊಡೆಯ ಮೇಲೆ ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಯಾರೂ ಆ ಕಡೆ ಬೆರಳು ತೋರಿಸಲಿಲ್ಲ, ನನ್ನ ಪುಣ್ಯ.

ಮತ್ತೆ ಅದೇ ಏಳೆಂಟು ಗಂಡಸರು, ಮತ್ತೆ ತಳ್ಳಾಟ. ಮಂಜ ಮತ್ತೆ ವೈರು ಸಿಕ್ಕಿಸಿದ. ಸ್ವಿಚ್ಚು ಆರಿಸುವುದನ್ನು ನಾನು ಮರೆತಿದ್ದೆ. ಗರ್ರ್!

"ಥೂ, ಮತ್ತೆ ಶುರುವಾಯ್ತು!" ಎಂದ ಮಂಜ. ಈ ಸಲ ಗ್ರೀಸಿಗೆ ಹೊತ್ತಿರಲಿಲ್ಲ.

ಕೊಳ್ಳೇಗಾಲ ದಾಟಿ ರಸ್ತೆ ಏರತೊಡಗಿತು. ಹದಿನೈದು. ಹನ್ನೊಂದು. ಎಂಟು. ಗಾಡಿಯೊಳಗೆ ಯಾರೂ ಜೋರಾಗಿ ಉಸಿರಾಡುತ್ತಿರಲಿಲ್ಲ, ಅದಕ್ಕೂ ಕರೆಂಟು ಖರ್ಚಾದೀತು ಎಂಬ ಹಾಗೆ. ನಾಲ್ಕಕ್ಕೆ ಬಂದಾಗ ಗಾಡಿ ತಾನಾಗಿಯೇ ನಿಧಾನವಾಯಿತು. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಮ್ಮನ್ನು ಹಿಂದೆ ಹಾಕಿ ಹೋದಳು. ತಿರುಗಿ ನೋಡಿ ನಕ್ಕಳು ಕೂಡ.

ದೇವಸ್ಥಾನಕ್ಕೆ ಎರಡು ಕಿಲೋಮೀಟರ್ ಇತ್ತು. ಗಂಟೆ ಹನ್ನೊಂದೂ ಮುಕ್ಕಾಲು. ಮಂಜ ಗಾಡಿಯನ್ನು ಪಕ್ಕದ ಬಯಲಿಗೆ ಇಳಿಸಿ, "ಮನೆ ಬಿಚ್ಚದೆ ಇದ್ರೆ ಆಗಲ್ಲ" ಎಂದ. ಈ ಸಲ ನಾನು ಬಾಯಿ ಬಿಡಲಿಲ್ಲ. ಹೋಳಿಗೆ ಬೇಕೋ, ಸೆರಗಿಗೆ ಬೀಳುವ ಮುಡಿ ಬೇಕೋ? ಯಜಮಾನರು ಟ್ರೈಲರಿನ ಮೆಟ್ಟಿಲ ಮೇಲೆ ಕೂತು ಹೇಳಿದರು: "ನೀವು ಹೋಗ್ರೀ. ನಾನು ಆಲೆಮನೆ ಕಾಯ್ತೀನಿ."

ಮನೆಯ ಭಾರ ಇಳಿದ ಟ್ರಕ್ಕು ಹೇಗೋ ತೆವಳಿತು. ದೇವಸ್ಥಾನದ ಮೆಟ್ಟಿಲ ಮುಂದೆ ಪೂರ್ತಿ ಸತ್ತಿತು. ನಾನು ಸಿರಿಯನ್ನು ಎತ್ತಿಕೊಂಡು ಓಡಿದೆ. ಮಂಡಿ ನೋವು, ಬಿಪಿ, ಡಾಕ್ಟರು ಹೇಳಿದ್ದು, ಎಲ್ಲ ಹಿಂದೆ ಉಳಿಯಿತು. ಪೂಜಾರ್ರು ಬಾಗಿಲ ಮೇಲೆ ಕೈ ಇಟ್ಟಿದ್ದರು.

ಲೋಕೇಶ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ನಾನು ಎದುರು ಕೂತು ಸೆರಗು ಒಡ್ಡಿದೆ. ಕತ್ತರಿ 'ಕಚ್' ಎಂದಿತು. ಕಪ್ಪನೆಯ, ರೇಷ್ಮೆಯಂಥ ಒಂದು ಕುಚ್ಚು ನನ್ನ ಸೆರಗಿಗೆ ಬಿತ್ತು. ಅಷ್ಟು ವರ್ಷ ಕಾದದ್ದೂ ಸಾರ್ಥಕವಾಯಿತು. ನನಗೆ ಅಳು ಬಂತು.

"ಹಾಲಿಗೆ ಬಿಡಿ ತಾಯಿ" ಎಂದು ಪೂಜಾರ್ರು ಬಟ್ಟಲು ಚಾಚಿದರು. ನಾನು ಸೆರಗು ಕೊಡವಿದೆ. ಕೂದಲು ಬೀಳಲಿಲ್ಲ. ಇನ್ನೊಮ್ಮೆ ಕೊಡವಿದೆ. ಊಹೂಂ! ಕುಚ್ಚು ಗಟ್ಟಿಯಾಗಿ ಅಂಟಿಕೊಂಡಿತ್ತು. ಅಷ್ಟರಲ್ಲಿ ಸಿರಿ ಬಗ್ಗಿ ಸೆರಗಿನ ಇನ್ನೊಂದು ತುದಿ ಬಾಯಿಗಿಟ್ಟುಕೊಂಡು ಚಪ್ಪರಿಸತೊಡಗಿದಳು.

ಲೋಕೇಶ ಮೂಸಿ ನೋಡಿದ. "ಅತ್ತೆ, ಇದು ಹೂರಣ ಅಲ್ವಾ?"

ಕರಿ ಪಂಚೆಯ ಮಂಜ ನಿಧಾನವಾಗಿ ನನ್ನ ಕಡೆ ತಿರುಗಿದ. "ಅಮ್ಮ. ಹೂರಣ ಎಲ್ಲಿ ರುಬ್ಬಿದೆ?"

ದೇವರ ಎದುರು ಸುಳ್ಳು ಹೇಳುವುದು ಹೇಗೆ? "ಗಾಡೀಲಿ" ಎಂದೆ. "ಬೇಳೇನೂ ಅಲ್ಲೇ ಬೇಯಿಸ್ದೆ."

ಕಾವ್ಯ ಸೆರಗಿನಿಂದ ಒಂದೊಂದೇ ಕೂದಲು ಬಿಡಿಸಿ ಹಾಲಿಗೆ ಹಾಕುತ್ತ ಕೂತಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಮೂರು ಎಳೆ ಮಾತ್ರ ಏನು ಮಾಡಿದರೂ ಬರಲಿಲ್ಲ.

ಊಟಕ್ಕೆ ಹೋಟೆಲ್ ಹೋಳಿಗೆಯೇ ಆಯಿತು. ಚೆನ್ನಾಗಿತ್ತು. ಅದು ಇನ್ನೂ ಹೊಟ್ಟೆ ಉರಿಯುವ ವಿಷಯ.

ಸಂಜೆ ಹಳ್ಳಿಯವರೊಬ್ಬರ ಟ್ರ್ಯಾಕ್ಟರು ನಮ್ಮ ಟ್ರಕ್ಕನ್ನು ಕೊಳ್ಳೇಗಾಲಕ್ಕೆ, ಚಾರ್ಜಿನ ಜಾಗಕ್ಕೆ, ಎಳೆಯಿತು. ದಾರಿಯಲ್ಲಿ ಬಯಲಿನ ಹತ್ತಿರ ನಿಂತೆವು. ಯಜಮಾನರು ಟ್ರೈಲರಿನ ಬಾಗಿಲು ತೆಗೆದು ತೋರಿಸಿದರು. ಮುಚ್ಚಳವಿಲ್ಲದ ಗ್ರೈಂಡರು ಮೂರು ತಾಲ್ಲೂಕು ದಾಟುವಷ್ಟು ಹೊತ್ತು ತನ್ನ ಕೆಲಸ ಮಾಡಿತ್ತು. ಗೋಡೆಗೆ ಹೂರಣ, ಫ್ಯಾನಿಗೆ ಹೂರಣ, ಮದುಮಗಳ ಕನ್ನಡಿಗೆ ಹೂರಣ.

"ದಾರೀಲಿ ಹೋಗೋರೆಲ್ಲ ಹೆಣ್ಣೆಲ್ಲಿ ಅಂತ ಕೇಳಿದ್ರು" ಎಂದರು ಯಜಮಾನರು. "ಮೊಮ್ಮಗಳ ಮುಡಿಗೆ ಹೋಗಿದ್ದಾಳೆ, ವಯಸ್ಸು ಅರವತ್ತೆರಡು ಅಂದೆ."

ಮಂಜ ಬೈಯಲಿಲ್ಲ. ಬೈಯುವಷ್ಟು ಚಾರ್ಜು ಅವನಲ್ಲೂ ಉಳಿದಿರಲಿಲ್ಲ. "ಗ್ರೈಂಡರ್ ಕುಡಿದದ್ದು ಸ್ವಲ್ಪ, ಕುಕ್ಕರ್ ಕುಡಿದದ್ದು ಇನ್ನಷ್ಟು, ನಿನ್ನ ಸಾಮಾನಿನ ಭಾರ ಎಲ್ಲಕ್ಕಿಂತ ಜಾಸ್ತಿ" ಎಂದಷ್ಟೇ ಹೇಳಿ ಸ್ಟೀರಿಂಗ್ ಮೇಲೆ ತಲೆ ಇಟ್ಟ.

ಈಗ ದಿನಾ ಮಧ್ಯಾಹ್ನ ಬಕೆಟ್ಟು, ಬ್ರಷ್ಷು ಹಿಡಿದು ಟ್ರೈಲರ್ ತೊಳೆಯುತ್ತಿದ್ದೇನೆ. ಸೊಂಟ ಬಿದ್ದುಹೋಗಿದೆ. ಆದರೆ ಆ ಸೀರೆ ಮಾತ್ರ ಒಗೆದಿಲ್ಲ. ಮೂರು ಎಳೆ ಅಂಟಿದ ಸೆರಗನ್ನು ಹಾಗೇ ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದೆ. ನಿನ್ನೆ ಮಹಡಿಯ ಬಾಡಿಗೆಯವರಿಗೆ ತೋರಿಸೋಣವೆಂದು ಹೆಮ್ಮೆಯಿಂದ ಬಿಚ್ಚಿದೆ. ಸೆರಗಿನ ತುಂಬ ಇರುವೆ! ಹೂರಣವನ್ನೆಲ್ಲ ಒಂದು ಚೂರೂ ಬಿಡದೆ ತಿಂದು, ನನ್ನ ಸಿರಿಯ ಮೂರು ಕೂದಲನ್ನು ಮಾತ್ರ ಮುಟ್ಟದೆ ಬಿಟ್ಟಿದ್ದವು.

ಯಜಮಾನರು ಹಿಂದಿನಿಂದ ಇಣುಕಿ ನೋಡಿದರು.

"ನೋಡ್ದಾ? ಮುಡಿ ಊಟಕ್ಕೆ ನೀನು ಬಡಿಸಿದ್ದು ಇವರಿಗೆ ಮಾತ್ರ. ಎಷ್ಟು ಮರ್ಯಾದೆಯಿಂದ ಉಂಡಿದ್ದಾರೆ!"