ಕಿತ್ತಳೆ ಪೆಟ್ಟಿಗೆಯ ವಿಮಾನ

ಮದುವೆಯಾದ ಗಂಡಸು ಹೆಂಡತಿಯ ಮೆಚ್ಚುಗೆ ಇಲ್ಲದೆಯೂ ಹೇಗೋ ದಿನ ತಳ್ಳುತ್ತಾನೆ. ಆಫೀಸಿನ ಸಾಹೇಬರು ಮೆಚ್ಚದಿದ್ದರೂ ತಿಂಗಳ ಸಂಬಳವೇನೂ ನಿಲ್ಲುವುದಿಲ್ಲ. ಆದರೆ ಮಾವನ ಮೆಚ್ಚುಗೆ ಅನ್ನುವುದೊಂದಿದೆ ನೋಡಿ, ಅದು ಸಿಕ್ಕದವನ ಪಾಡು ಯಾರಿಗೂ ಬೇಡ. ಎಂಟು ವರ್ಷ ಆ ಪಾಡು ಪಟ್ಟವನು ನಾನು. ನಮ್ಮ ಮಾವ ಮೈಸೂರಿನವರು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವರು ಮುಟ್ಟಿದ ಗಡಿಯಾರ ನಡೆಯುತ್ತದೆ, ಬೈದ ಪಂಪು ನೀರೆತ್ತುತ್ತದೆ. ಹೊಗಳಿಕೆಯಲ್ಲಿ ಮಾತ್ರ ಮಹಾ ಜಿಪುಣರು. ಮಗಳು, ಅಂದರೆ ನನ್ನ ಹೆಂಡತಿ ಸರೋಜ, ಮೆಟ್ರಿಕ್ಕಿನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಾಗ "ಪರವಾಗಿಲ್ಲ" ಅಂದಿದ್ದರಂತೆ. ದಸರೆಯ ಅರಮನೆಯ ದೀಪ ನೋಡಿದಾಗಲೂ ಅದನ್ನೇ ಅಂದಿದ್ದರಂತೆ. ಅದಕ್ಕಿಂತ ದೊಡ್ಡ ಪದ ಅವರ ಬಾಯಲ್ಲಿ ಇರಲಿಲ್ಲ. ನನಗೆ ಅದೂ ಸಿಕ್ಕಿರಲಿಲ್ಲ.

ಸಿಕ್ಕದಿದ್ದುದಕ್ಕೆ ಕಾರಣವಿದೆ. ಮದುವೆಯಾದ ವರ್ಷ ಅಳಿಯನ ಹಬ್ಬಕ್ಕೆಂದು ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಎಣ್ಣೆ ಸ್ನಾನದ ಹೊತ್ತಿಗೆ ಬಾವಿಯ ರಾಟೆ ಸಿಕ್ಕಿಕೊಂಡಿತು. ನಾನು ರೈಲ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವನು. ಹೊಸ ಅಳಿಯನ ಹುರುಪಿನಲ್ಲಿ ಕಾಗದ ಪೆನ್ಸಿಲ್ ತರಿಸಿ, ತಲೆಗೆ ಎಣ್ಣೆ ಹಚ್ಚಿಕೊಂಡೇ ಕಟ್ಟೆಯ ಮೇಲೆ ಕೂತು, ರಾಟೆಯ ನಕ್ಷೆಯನ್ನು ಅಳತೆ ಸಮೇತ ಬರೆದೆ. ತಲೆ ಎತ್ತುವಷ್ಟರಲ್ಲಿ ಮಾವ ರಾಟೆಯನ್ನು ಸರಿಮಾಡಿ, ಕೈ ಒರೆಸಿಕೊಂಡು ನಿಂತಿದ್ದರು. ನನ್ನ ಕಾಗದವನ್ನು ಒಂದು ಗಳಿಗೆ ನೋಡಿ, "ಚಿತ್ರ ಚೆನ್ನಾಗಿದೆ. ನೀರು ಸೇದ್ಕೊಳ್ಳಿ" ಅಂದರು. ಆ ಮಾತು ನನ್ನ ಹೊಟ್ಟೆಯೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಹೀಗಿರುವಾಗ ಮದುವೆಯಾದ ಎಂಟನೇ ವರ್ಷದ ದಸರೆಗೆ ನಾಗಪುರಕ್ಕೇ ಬರುತ್ತೇನೆಂದು ಅವರಿಂದ ಕಾರ್ಡು ಬಂತು. ನಾವಿದ್ದದ್ದು ಅಲ್ಲಿನ ಧರಮಪೇಠದ ಬಾಡಿಗೆ ಮನೆಯಲ್ಲಿ. ಎಂಥ ಯೋಗಾಯೋಗವೋ, ಅದೇ ವಾರ ಗಾಂಧಿಬಾಗಿನ ರದ್ದಿ ಅಂಗಡಿಯಲ್ಲಿ ನನಗೊಂದು ಹಳೆಯ ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಒಳಗೆ ಮೊದಲ ಮಹಾಯುದ್ಧದ ವಿಮಾನವೊಂದರ ಚಿತ್ರ, ಪಕ್ಕದಲ್ಲಿ ಅಳತೆಗಳು. ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ, ನಡುವೆ ಕಡ್ಡಿಗಳು, ಕಡ್ಡಿಗಳ ನಡುವೆ ತಂತಿ. ಮಾವ ತಮ್ಮ ಹರೆಯದಲ್ಲಿ ಇಂಥವೇ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟುತ್ತ ಬಸ್ರಾ ಕಡೆಯ ಮರಳುಗಾಡಿನಲ್ಲಿ ಎರಡು ವರ್ಷ ಇದ್ದವರು. ಆ ವಿಷಯ ಅವರು ಎಂದೂ ಮಾತಾಡಿದವರಲ್ಲ. ಗೋಡೆಯ ಮೇಲಿನ ಒಂದು ಮಸುಕು ಫೋಟೋ ಬಿಟ್ಟರೆ ಮನೆಯವರಿಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಈ ವಿಮಾನವನ್ನು ಅಡಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ, ಕೂದಲೆಳೆಯಷ್ಟೂ ತಪ್ಪದಂತೆ ಮಾಡಿ ಅವರ ಮುಂದಿಡಬೇಕು. ಅವರು "ಪರವಾಗಿಲ್ಲ" ಅನ್ನಬೇಕು. ಆಮೇಲೆ ನಾನು ಸತ್ತರೂ ಚಿಂತೆಯಿಲ್ಲ ಅನ್ನುವಷ್ಟರ ಮಟ್ಟಿಗೆ ಹುಚ್ಚು ಹಿಡಿಯಿತು.

ನಾಗಪುರದಲ್ಲಿ ಮರಕ್ಕೇನು ಬರ? ಕಿತ್ತಳೆ ಹಣ್ಣು ತುಂಬುವ ಪೆಟ್ಟಿಗೆಯ ತೆಳು ಹಲಗೆಗಳನ್ನು ತಂದು, ಬ್ಲೇಡಿನಿಂದ ಸೀಳಿ, ಉಪ್ಪು ಕಾಗದದಿಂದ ಉಜ್ಜಿ ಎಲುಬುಗಳನ್ನು ಮಾಡಿಕೊಂಡೆ. ರೆಕ್ಕೆಯ ಹೊದಿಕೆಗೆ ನನ್ನದೇ ಹಳೆಯ ಪಂಚೆ. ಬಟ್ಟೆ ಬಿಗಿಯಾಗಿ ನಿಲ್ಲಲು ಅನ್ನದ ಗಂಜಿ. ತಂತಿಗೆ ಸರೋಜಳ ಹೊಲಿಗೆಯ ದಾರ. "ರೀ, ಗಂಜಿ ಎಲ್ಲಿ ಹೋಯ್ತು? ಸೀರೆಗೆ ಹಾಕೋಣಾಂತ ಬಸಿದಿಟ್ಟಿದ್ದೆ" ಎಂದು ಅವಳು, "ಆಕಾಶಕ್ಕೆ ಹೋಯ್ತು ಕಣೇ" ಎಂದು ನಾನು. ಗಂಜಿಯ ವಾಸನೆ ಹಿಡಿದು ಇರುವೆಗಳು ಸಾಲಾಗಿ ರೆಕ್ಕೆ ಹತ್ತಿದವು. ಪಕ್ಕದ ಮನೆಯ ಹಿರೇಮಠರು, ಧಾರವಾಡದ ಕಡೆಯವರು, ಬೇಲಿಯಾಚೆಯಿಂದ ಇಣುಕಿ, "ಏನ್ರೀ ಇದು, ಮಾಳಿಗಿ ಮ್ಯಾಲ ಮಾಳಿಗಿ ಕಟ್ಟಾಕ ಹತ್ತೀರಿ! ಹಾರತೈತೇನ್ರಿ?" ಅಂದರು. ಹಾರುವುದಿಲ್ಲ, ಇದು ಬರೀ ಮಾದರಿ ಅಂದೆ. "ಹಾರೂದಿಲ್ಲಂದ ಮ್ಯಾಲ ಎರಡ ಜೋಡಿ ರೆಕ್ಕಿ ಯಾಕ ಬೇಕ್ರಿ? ಒಂದ ಸಾಕಾಗಿತ್ತಲ್ಲ" ಎಂದು ಹೇಳಿ ಒಳಗೆ ಹೋದರು.

ಬಣ್ಣದ್ದೇ ದೊಡ್ಡ ಪಂಚಾಯಿತಿಯಾಯಿತು. ಪತ್ರಿಕೆಯ ಚಿತ್ರ ಕಪ್ಪು ಬಿಳುಪು. ಮಾವನನ್ನೇ ಕೇಳೋಣವೆಂದರೆ ಗುಟ್ಟು ರಟ್ಟಾಗುತ್ತದೆ. ಕೊನೆಗೆ ಗಾಂಧಿಬಾಗಿನಲ್ಲಿ ಅಂಗಡಿ ಬೋರ್ಡುಗಳನ್ನು ಬರೆಯುವ ಪೇಂಟರನ ಮೊರೆಹೋದೆ. ಅವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಹಿರವಾ ಘ್ಯಾ ಸಾಹೇಬ್, ಬರೋಬರ್ ದಿಸೇಲ್" ಎಂದು, ಹಸಿರೇ ಒಪ್ಪುತ್ತದೆಂದು ಮರಾಠಿಯಲ್ಲಿ ತೀರ್ಪು ಕೊಟ್ಟು, ಯಾವುದೋ ಬೋರ್ಡಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದ ಡಬ್ಬಿ ಕೊಟ್ಟ. ಗಟ್ಟಿಯಾಗಿದೆಯೆಂದು ಅಗಸೆ ಎಣ್ಣೆ ಬೆರೆಸಿದೆ. ಇನ್ನೂ ಸ್ವಲ್ಪ ಬೆರೆಸಿದೆ. ಅಲ್ಲೇ ನಾನು ಎಡವಿದ್ದು.

ಆದರೂ ಆ ಭಾನುವಾರದ ಮಧ್ಯಾಹ್ನಗಳ ಸುಖ ಹೇಳಲಾರೆ. ಜಗಲಿಯ ಮೇಲೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಮರಕ್ಕೆ ಅಂಟಿದ್ದ ಕಿತ್ತಳೆ ಸಿಪ್ಪೆಯ ಪರಿಮಳ ಎಣ್ಣೆಯ ವಾಸನೆಯೊಡನೆ ಸೇರಿ ಮೂಗಿಗೆ ಬರುತ್ತಿತ್ತು. ಕುಂಚವನ್ನು ರೆಕ್ಕೆಯ ಉದ್ದಕ್ಕೆ ಎಳೆಯುತ್ತ ಎಳೆಯುತ್ತ ನಾನು ಯಾವಾಗ ಮೇಲೆ ಏರುತ್ತಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ಕೆಳಗೆ ಅಂಬಾಝರಿಯ ಕೆರೆ ತಟ್ಟೆಯಷ್ಟಾಗುತ್ತಿತ್ತು. ಗಾಂಧಿಬಾಗಿನ ಗಲ್ಲಿಗಳ ಗದ್ದಲ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಆಫೀಸು ಇನ್ನೂ ಚಿಕ್ಕದಾಗಿ, ಸಾಹೇಬರಂತೂ ಕಾಣಿಸುತ್ತಲೇ ಇರಲಿಲ್ಲ. ಕಿತ್ತಳೆ ತೋಟಗಳಾಚೆ ಒಂದು ಬಯಲಿನಲ್ಲಿ ಮಾವ ಒಬ್ಬರೇ ನಿಂತು, ಹುಬ್ಬಿಗೆ ಕೈ ಹಚ್ಚಿ ನನ್ನನ್ನೇ ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ಇನ್ನೇನು ಆ ಪದ ಕೇಳಿಸಬೇಕು, ಅಷ್ಟರಲ್ಲಿ "ರೀ, ಉಟ್ಟ ಪಂಚೆ ಮೇಲೆ ಬಣ್ಣ!" ಎಂದು ಸರೋಜಳ ಕೂಗು. ನಾನು ಧೊಪ್ಪನೆ ಧರಮಪೇಠಕ್ಕೆ ಬೀಳುತ್ತಿದ್ದೆ.

ಕೊನೆಯ ಸಲ ಬಣ್ಣ ಬಳಿದದ್ದು ಆಯುಧ ಪೂಜೆಯ ಹಿಂದಿನ ದಿನ. ಎಣ್ಣೆ ಹೆಚ್ಚಾದ ಬಣ್ಣ ಬೆಳಗ್ಗೆ ಮುಟ್ಟಿದರೆ ಇನ್ನೂ ಬೆರಳಿಗೆ ಅಂಟುತ್ತಿತ್ತು. ಬಿಸಿಲೇರಿದರೆ ಒಣಗೀತೆಂದು ಕಿಟಕಿಯ ಬಳಿ ಮೇಜಿನ ಮೇಲಿಟ್ಟು ಮಾವನನ್ನು ಕರೆತರಲು ಸ್ಟೇಷನ್ನಿಗೆ ಹೋದೆ. ಟಾಂಗಾದಲ್ಲಿ ಬರುವಾಗ ತಡೆಯಲಾರದೆ, "ಮನೇಲಿ ನಿಮಗೆ ತೋರಿಸೋಕೆ ಒಂದು ವಸ್ತು ಇದೆ, ಮಾವ" ಅಂದೆ. ಅವರು ಕುದುರೆಯ ಲಾಳವನ್ನೇ ನೋಡುತ್ತ, "ನಲ್ಲೀಲಿ ನೀರು ಬರುತ್ತಾ?" ಅಂದರು.

ಬಾಗಿಲು ದಾಟಿ ಒಳಗೆ ಬಂದವನು ಹಾಗೇ ನಿಂತುಬಿಟ್ಟೆ. ನಮ್ಮ ಮೈಸೂರಿನ ಕಡೆ ಆಯುಧ ಪೂಜೆಯೆಂದರೆ ಮನೆಯಲ್ಲಿ ಒಂದು ಚೂರು ಕಬ್ಬಿಣವನ್ನೂ ಬಿಡುವುದಿಲ್ಲ. ಹೊಲಿಗೆ ಯಂತ್ರ, ಈಳಿಗೆ ಮಣೆ, ನನ್ನ ಸೈಕಲ್ಲು, ಕೈವಾರದ ಪೆಟ್ಟಿಗೆ, ಎಲ್ಲಕ್ಕೂ ಕುಂಕುಮವಾಗಿತ್ತು. ವಿಮಾನಕ್ಕೂ ಆಗಿತ್ತು! ನಾಲ್ಕು ರೆಕ್ಕೆಗೂ ಅರಿಶಿನ ಕುಂಕುಮ, ಬಾಲಕ್ಕೆ ಚೆಂಡುಹೂವಿನ ಸರ, ಮೂತಿಯ ಮೇಲೆ, ಅದರ ತುದಿಯಲ್ಲಿ ತಿರುಗುವ ಫ್ಯಾನಿನ ಪಕ್ಕದಲ್ಲೇ, ಕಾಸಗಲದ ಬೊಟ್ಟು. ಎರಡು ಚಕ್ರಗಳಡಿ ಒಂದೊಂದು ನಿಂಬೆಹಣ್ಣು. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದಾಗಿದ್ದರಿಂದ ವಿಮಾನ ಮೂತಿ ಮೇಲೆತ್ತಿ ಈಗಲೋ ಆಗಲೋ ಹಾರಲು ನಿಂತಂತಿತ್ತು. ಒರೆಸಲು ಓಡಿದೆ. ಹಸಿ ಬಣ್ಣ ಕುಂಕುಮವನ್ನು ಕುಡಿದುಬಿಟ್ಟಿತ್ತು. ಒರೆಸಿದಷ್ಟೂ ಹರಡಿತು. "ಇದು ಯುದ್ಧದ ವಿಮಾನ ಕಣೇ, ಜಟಕಾ ಗಾಡಿ ಅಲ್ಲ!" ಎಂದು ಕೂಗಿದೆ. ಸರೋಜ ಕಣ್ಣರಳಿಸಿ, "ಯುದ್ಧದ್ದು ಅಂತಾನೇ ಮೊದಲು ಅದಕ್ಕಿಟ್ಟೆ ಕಣ್ರೀ. ಆಯುಧ ಪೂಜೆ ಅಂದ್ರೆ ಮತ್ತೇನು?" ಅಂದಳು. ನನಗೆ ಅಳುವೇ ಬಂತು.

ಮಾವ ಆಗಲೇ ಮೇಜಿನ ಬಳಿ ಬಂದಿದ್ದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಬಣ್ಣ ಈ ಹಸಿರಲ್ಲ, ಮಣ್ಣಿನ ಬಣ್ಣ" ಅಂದರು. "ಕಡ್ಡಿಗಳು ಮುಂದಕ್ಕೆ ವಾಲಬೇಕು, ಹಿಂದಕ್ಕೆ ವಾಲಿವೆ. ಚಕ್ರ ದಪ್ಪ. ತಂತಿ ಎರಡು ಕಡಿಮೆ." ಆಮೇಲೆ ಅವರ ಬೆರಳು ಮೂತಿಯ ಬೊಟ್ಟಿನ ಹತ್ತಿರ ಬಂದು ನಿಂತಿತು. "ಇದು ಮಾತ್ರ ಸರಿಯಾಗಿದೆ."

ಕುರ್ಚಿ ಎಳೆದುಕೊಂಡು ಕೂತರು. "ಅಲ್ಲಿ ಬಸ್ರಾದಲ್ಲಿ ಹಬ್ಬದ ದಿನ ಕುಂಕುಮ ಎಲ್ಲಿಂದ ತರೋದು? ಇಟ್ಟಿಗೆ ಪುಡಿ ಮಾಡಿ, ಎಂಜಿನ್ ಎಣ್ಣೇಲಿ ಕಲಸಿ, ನಾನೂ ಇಲ್ಲೇ ಇಟ್ಟಿದ್ದೆ. ಅದನ್ನ ಓಡಿಸ್ತಿದ್ದವನು ಒಬ್ಬ ಬಿಳೀ ಹುಡುಗ, ಇನ್ನೂ ಮೀಸೆ ಬಂದಿರ್ಲಿಲ್ಲ. ಬೈತಾನೆ ಅಂದ್ಕೊಂಡೆ. ಮಾರನೇ ದಿನ ಮರಳು ಗಾಳಿಗೆ ಅಳಿಸಿಹೋಗಿತ್ತು. ತಾನೇ ಹುಡುಕ್ಕೊಂಡು ಬಂದು, ಮತ್ತೆ ಇಡು ಅಂದ. ಆಮೇಲೆ ನಾನು ಇಡದೆ ವಿಮಾನ ಹತ್ತುತ್ತಲೇ ಇರ್ಲಿಲ್ಲ."

"ಆಮೇಲೇನಾಯ್ತಪ್ಪ?" ಅಂದಳು ಸರೋಜ.

"ನಂಗೆ ಜ್ವರ ಬಂತು. ಹಡಗು ಹತ್ತಿಸಿ ಊರಿಗೆ ಕಳಿಸಿದ್ರು. ಅವನಿಗೆ ಆಮೇಲೆ ಯಾರು ಇಟ್ರೋ, ಇಟ್ರೋ ಇಲ್ಲವೋ." ಅವರ ದನಿ ಒಡೆಯಿತು. ಅಷ್ಟು ವರ್ಷಗಳಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನ್ನ ಅಳತೆ, ಲೆಕ್ಕ ಎಲ್ಲದರ ಬಗ್ಗೆ ನನಗೆ ನಾಚಿಕೆಯೆನಿಸಿತು.

ಅವರು ಎದ್ದು, ಮಗಳ ತಲೆಯ ಮೇಲೆ ಕೈಯಿಟ್ಟು, "ಪರವಾಗಿಲ್ಲ ಕಣಮ್ಮ" ಅಂದರು. ಎಂಟು ವರ್ಷ ನಾನು ಕಾದ ಪದ ನನ್ನ ಕಿವಿಯ ಪಕ್ಕದಲ್ಲೇ ಹಾದು ಹೆಂಡತಿಗೆ ಸೇರಿತು. ಕೈ ತೊಳೆಯಲು ಹೊರಟವರು ಬಾಗಿಲಲ್ಲಿ ನನ್ನ ಕಡೆ ತಿರುಗಿ, "ಗಂಜಿ ಚೆನ್ನಾಗಿ ಹಿಡಿದಿದೆ" ಅಂದರು. ಅದೂ ಅವಳು ಬಸಿದದ್ದೇ.

ವಿಮಾನ ಈಗಲೂ ನಮ್ಮ ಕಪಾಟಿನ ಮೇಲಿದೆ. ನೋಡಲು ಬಂದವರಿಗೆ ನಾನು ಕಡ್ಡಿ, ಚಕ್ರ, ತಂತಿಗಳ ಮಾತೆತ್ತುವುದಿಲ್ಲ. ಸೀದಾ ಮೂತಿಗೆ ಬೆರಳಿಟ್ಟು, "ಇದೊಂದು ಬೊಟ್ಟು ಅಸಲಿ ವಿಮಾನದಲ್ಲಿದ್ದ ಜಾಗದಲ್ಲೇ ಇದೆ ನೋಡಿ, ಇದಕ್ಕಾಗಿ ನಾನು ಪಟ್ಟ ಕಷ್ಟ ಅಷ್ಟಿಷ್ಟಲ್ಲ" ಅನ್ನುತ್ತೇನೆ. ಅಷ್ಟು ಹೇಳುವಾಗ ಪ್ರತಿಸಲವೂ ಅಡಿಗೆಮನೆಯಲ್ಲಿ ಸರೋಜಳಿಗೆ ಯಾಕೋ ಕೆಮ್ಮು ಬರುತ್ತದೆ.